ಬೆಳಗಿನ ಥೈರಾಯ್ಡ್ ಗುಳಿಗೆ, ಮಧ್ಯಾಹ್ನದ ಮೀನೆಣ್ಣೆ: ನಾಲ್ಕು ತಿಂಗಳು ತೆಗೆದುಕೊಂಡು ನೋಡಿದ್ದು

"ಅಕ್ಕಾ, ಮೀನೆಣ್ಣೆ ಗುಳಿಗೆ ತಗೊಂಡ್ರೆ ಥೈರಾಯ್ಡ್ ಹೋಗುತ್ತಂತೆ, ಹೌದಾ?" ಅಂಗಡಿಗೆ ಬರುವ ಹೆಂಗಸರು ವಾರಕ್ಕೊಮ್ಮೆಯಾದರೂ ಇದನ್ನು ಕೇಳುತ್ತಾರೆ. ನಾನು ಶ್ರೀನಗರದಲ್ಲಿ ಬ್ಲೌಸ್ ಹೊಲಿಯುವವಳು. ಟೇಪ್ ಕೈಗೆ ತಗೊಂಡ ಕೂಡಲೇ ಮಾತು ದಪ್ಪ ಆದದ್ದಕ್ಕೆ ಬರುತ್ತದೆ, ಅಲ್ಲಿಂದ ಥೈರಾಯ್ಡಿಗೆ. ನನಗೂ ಒಂಬತ್ತು ವರ್ಷದಿಂದ ಇದೆ. ಗ್ರಂಥಿ ಕಡಿಮೆ ಕೆಲಸ ಮಾಡುವ ಥರದ್ದು. ದಿನಾ ಬೆಳಿಗ್ಗೆ 75 ಮೈಕ್ರೋಗ್ರಾಂ ಗುಳಿಗೆ ನುಂಗುತ್ತಿದ್ದೆ.

ಕಳೆದ ನವೆಂಬರಿನಲ್ಲಿ ನನ್ನ ಬೆರಳ ತುದಿ ಎಷ್ಟು ಒರಟಾಗಿತ್ತೆಂದರೆ, ರೇಷ್ಮೆ ಬಟ್ಟೆ ಮುಟ್ಟಿದರೆ ಎಳೆ ಸಿಕ್ಕಿಕೊಂಡು ಕಿತ್ತು ಬರುತ್ತಿತ್ತು. ಬೇರೆಯವರ ಮದುವೆ ಸೀರೆ ಅದು, ಎಷ್ಟು ಭಯ ಆಗುತ್ತದೆ ಅಲ್ವಾ? ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಹುಕ್ ಹಾಕುವ ಕೆಲಸವನ್ನೆಲ್ಲ ಮಧ್ಯಾಹ್ನಕ್ಕೆ ತಳ್ಳುತ್ತಿದ್ದೆ. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಕಡಿಮೆಯಾದರೆ ಏರುವ ಅಂಕಿ) 6.8, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು 212, ಎರಡೂ ಜಾಸ್ತಿ. ಮೀನೆಣ್ಣೆಯಿಂದ ಚರ್ಮ ಮೆತ್ತಗಾಯಿತು ಎಂದು ಗಿರಾಕಿಯೊಬ್ಬರು ಹೇಳಿದ್ದರು. ಡಾಕ್ಟರನ್ನು ಕೇಳದೆ ಹೋಗಿ ತಂದೆ.

ಮೊದಲ ಬಾಟಲಿ ಪೂರ್ತಿ ದಂಡ. ನಾನು ಮಲ್ಪೆ ಕಡೆಯವಳು. ನಮ್ಮಜ್ಜನ ಕಾಲದಲ್ಲಿ ಬೂತಾಯಿ ಮೀನು ಬೇಯಿಸಿ ತೆಗೆದ ಎಣ್ಣೆಯನ್ನು ಮರದ ದೋಣಿಗೆ ಬಳಿಯುತ್ತಿದ್ದರು. ಹೊಸ ಎಣ್ಣೆಯ ವಾಸನೆ ಯಾವುದು, ಕೆಟ್ಟದ್ದು ಯಾವುದು ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕ್ಯಾಪ್ಸೂಲಿಗೆ ಸೂಜಿ ಚುಚ್ಚಿ ಮೂಸಿದೆ. ಹಳೇ ವಾರ್ನಿಶ್ ಥರ ಗಬ್ಬು. ದಿನಾಂಕ ಇನ್ನೂ ಒಂದು ವರ್ಷ ಇತ್ತು. ಆದರೆ ಆ ಅಂಗಡಿಯಲ್ಲಿ ಬಾಟಲಿಗಳನ್ನು ಬಿಸಿಲು ಬೀಳುವ ಗಾಜಿನ ಹಿಂದೆ ಜೋಡಿಸಿದ್ದರು. ಮೀನೆಣ್ಣೆಗೆ ಬಿಸಿಲು, ಗಾಳಿ, ಶಾಖ ಮೂರೂ ಆಗುವುದಿಲ್ಲ. ವಾಪಸ್ ಕೊಡಲು ಹೋದರೆ "ಸೀಲ್ ಒಡೆದದ್ದು ತಗೊಳ್ಳಲ್ಲ" ಎಂದರು. ಸೀಲ್ ಒಡೆಯದೆ ವಾಸನೆ ನೋಡುವುದು ಹೇಗೆ? ಇದರ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

ಎರಡನೆಯದು ಬೇರೆ ಕಡೆ ತಂದೆ. 60 ಕ್ಯಾಪ್ಸೂಲಿಗೆ 540 ರೂಪಾಯಿ. ಕಂದು ಬಣ್ಣದ ಬಾಟಲಿ, ಚುಚ್ಚಿ ನೋಡಿದರೆ ಹಗುರ ಮೀನಿನ ವಾಸನೆ ಅಷ್ಟೇ. ಮುಂದೆ ದೊಡ್ಡಕ್ಷರದಲ್ಲಿ 1000 ಮಿಲಿಗ್ರಾಂ ಎಂದಿದೆ. ಹಿಂದೆ ತಿರುಗಿಸಿದರೆ ಇಪಿಎ 180, ಡಿಎಚ್‌ಎ 120. ಅಂದರೆ ನಮಗೆ ಬೇಕಾದ ಒಮೆಗಾ-3 ಕೊಬ್ಬು ಈ ಎರಡೂ ಸೇರಿ ಬರೀ 300. ಉಳಿದದ್ದು ಬೇರೆ ಕೊಬ್ಬು. ಕೊಳ್ಳುವಾಗ ಹಿಂದಿನ ಈ ಎರಡು ಅಂಕಿ ಕೂಡಿಸಿ ನೋಡಿ. ಅಲ್ಲೇ ಸಣ್ಣದಾಗಿ 'ಔಷಧವಾಗಿ ಬಳಸಲು ಅಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಅದನ್ನೂ ಓದಿ.

ಕ್ಯಾಪ್ಸೂಲ್ ಗಾತ್ರ ನನಗೆ ಹಿಡಿಸಲಿಲ್ಲ. ನನ್ನ ಕತ್ತಿನಲ್ಲಿ ಸ್ವಲ್ಪ ಊತ ಇದೆ. ಅಷ್ಟುದ್ದದ್ದನ್ನು ನುಂಗುವಾಗ ಅಲ್ಲೇ ನಿಂತ ಹಾಗಾಗುತ್ತದೆ. ಗಂಟಲು ಊದಿರುವವರು ಚಿಕ್ಕ ಗಾತ್ರದ್ದನ್ನೇ ಕೇಳಿ ತಗೊಳ್ಳುವುದು ಒಳ್ಳೆಯದು.

ಮೊದಲ ವಾರ ಬೆಳಿಗ್ಗೆ ಥೈರಾಯ್ಡ್ ಗುಳಿಗೆ ಜೊತೆಗೇ ಇದನ್ನೂ ನುಂಗಿದೆ. ಖಾಲಿ ಹೊಟ್ಟೆ. ಹತ್ತು ಗಂಟೆವರೆಗೂ ಮೀನಿನ ತೇಗು, ಹೊಟ್ಟೆ ತೊಳಸು. ಆಮೇಲೆ ಡಾಕ್ಟರ ಹತ್ತಿರ ಹೋದೆ. ಅವರು ಬೈಯಲಿಲ್ಲ. "ನೋಡಮ್ಮಾ, ಬೆಳಗಿನ ಗುಳಿಗೆ ಒಂಟಿಯಾಗಿ ಹೋಗಬೇಕು, ಬರೀ ನೀರಿನ ಜೊತೆ. ಕಾಫಿ, ತಿಂಡಿ ಎಲ್ಲ ಮುಕ್ಕಾಲು ಗಂಟೆ, ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಆದರೆ ನಾಲ್ಕು ಗಂಟೆ ಬಿಟ್ಟು. ಮೀನೆಣ್ಣೆ ಮಧ್ಯಾಹ್ನ ಊಟದ ನಡುವೆ ತಗೋ" ಎಂದರು. ಊಟದಲ್ಲಿ ಎಣ್ಣೆ, ತುಪ್ಪ ಇದ್ದರೆ ಇದು ಚೆನ್ನಾಗಿ ಹೀರಿಕೊಳ್ಳುತ್ತದಂತೆ. ಸಾರನ್ನ ಅರ್ಧ ಮುಗಿದಾಗ ನುಂಗಲು ಶುರು ಮಾಡಿದೆ. ತೇಗು ನಿಂತೇ ಹೋಯಿತು.

ಇನ್ನು ಫಲ. ಎಂಟು ವಾರ ಬರೀ ಮೀನೆಣ್ಣೆ ಸೇರಿಸಿದ್ದೆ, ಥೈರಾಯ್ಡ್ ಗುಳಿಗೆ ಅದೇ 75. ಟಿಎಸ್‌ಎಚ್ 6.5 ಬಂತು. ಅದು ಇಳಿದ ಹಾಗೆ ಅಲ್ಲ. ಆಮೇಲೆ ಡಾಕ್ಟರು ಗುಳಿಗೆಯನ್ನು 88ಕ್ಕೆ ಏರಿಸಿದರು. ಏಳು ವಾರದ ಮೇಲೆ 3.1. ಬೆಳಗಿನ ಬೆರಳು ಬಿಗಿತ ಹೋದದ್ದೂ ಆಮೇಲೆಯೇ. ಟ್ರೈಗ್ಲಿಸರೈಡ್ 168ಕ್ಕೆ ಇಳಿದಿದೆ. ಆದರೆ ಥೈರಾಯ್ಡ್ ಸರಿಯಾದರೆ ರಕ್ತದ ಕೊಬ್ಬೂ ಇಳಿಯುತ್ತದೆ, ಹಾಗಾಗಿ ಅದರ ಹೆಸರನ್ನು ಮೀನೆಣ್ಣೆಗೆ ಕೊಡಲು ನನಗೆ ಮನಸ್ಸಿಲ್ಲ. ಒಂದು ವಿಷಯ ಮಾತ್ರ ಇದರದ್ದೇ ಇರಬಹುದು. ಜನವರಿಯ ಚಳಿಯಲ್ಲೇ, ಗುಳಿಗೆ ಏರಿಸುವ ಮೊದಲೇ, ಬೆರಳ ತುದಿ ಸ್ವಲ್ಪ ನಯವಾಗಿತ್ತು. ರೇಷ್ಮೆಗೆ ಸಿಕ್ಕುವುದು ಕಡಿಮೆಯಾಯಿತು. ನನ್ನ ಕೆಲಸಕ್ಕೆ ಅದು ಸಣ್ಣ ಮಾತಲ್ಲ.

ಎಲ್ಲರಿಗೂ ಹೀಗೇ ಆಗುವುದಿಲ್ಲ. ನನ್ನ ಗಿರಾಕಿಯೊಬ್ಬರಿಗೆ ಥೈರಾಯ್ಡ್ ಜಾಸ್ತಿ ಕೆಲಸ ಮಾಡುವ ತೊಂದರೆ. ಬ್ಲೌಸ್ ಎರಡು ಸಲ ಹಿಡಿದು ಕೊಟ್ಟಿದ್ದೆ, ಅಷ್ಟು ಇಳಿದಿದ್ದರು. ಅವರು ದಿನಕ್ಕೆ ನಾಲ್ಕು ಕ್ಯಾಪ್ಸೂಲ್ ತಗೊಂಡರು. ಎದೆ ಡವಡವ ಜಾಸ್ತಿ ಆಯಿತು. ಥೈರಾಯ್ಡಿನದ್ದೋ, ಎಣ್ಣೆಯದ್ದೋ ಹೇಳಲು ಬರುವುದಿಲ್ಲ. ಆದರೆ ಆ ಕಾಯಿಲೆಯೇ ಎದೆಬಡಿತದ ತಾಳ ತಪ್ಪಿಸಬಹುದು, ಮೀನೆಣ್ಣೆ ಹೆಚ್ಚಾದರೂ ಆ ಅಪಾಯ ಇದೆ ಎಂದು ಅವರ ಡಾಕ್ಟರು ನಿಲ್ಲಿಸಿದರು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರೂ ಕೇಳಿಯೇ ತಗೊಳ್ಳಬೇಕು.

ಇನ್ನೊಬ್ಬರು 'ಥೈರಾಯ್ಡಿಗೆಂದೇ' ಎಂದು ಬರೆದ ಮಿಶ್ರಣದ ಬಾಟಲಿ ತಂದಿದ್ದರು. ಅವರ ಫೋನಿನಲ್ಲಿ ಫೋಟೋ ದೊಡ್ಡದು ಮಾಡಿ ಓದಿದೆವು. ಕಡಲಪಾಚಿ ಇತ್ತು, ಬಯೋಟಿನ್ ಎಂಬ ವಿಟಮಿನ್ ಇತ್ತು. ಬರೀ ಮೀನೆಣ್ಣೆಯಲ್ಲಿ ಅಯೋಡಿನ್ ಇಲ್ಲವೆನ್ನುವಷ್ಟು ಕಡಿಮೆ. ಪಾಚಿಯಲ್ಲಿ ತುಂಬಾ ಇರುತ್ತದೆ, ಅದು ಕೆಟ್ಟ ಥೈರಾಯ್ಡನ್ನು ಇನ್ನೂ ಕೆಡಿಸಬಹುದು. ಬಯೋಟಿನ್ ಇದ್ದರೆ ಲ್ಯಾಬಿನ ಅಂಕಿಯೇ ತಪ್ಪು ಬರಬಹುದು. ಪರೀಕ್ಷೆಗೆ ಎರಡು ದಿನ ಮೊದಲಾದರೂ ನಿಲ್ಲಿಸಬೇಕು. ಇಂಥ ಮಿಶ್ರಣ ದಯವಿಟ್ಟು ಸುಮ್ನೆ ಕೊಂಡು ತರಬೇಡಿ.

ಮೀನು ಮುಟ್ಟದವರಿಗೆ ಪಾಚಿಯಿಂದ ತೆಗೆದ ಡಿಎಚ್‌ಎ ಎಣ್ಣೆ ಸಿಗುತ್ತದೆ. ಇದು ಬರೀ ಎಣ್ಣೆ, ಮೇಲೆ ಹೇಳಿದ ಕಡಲಪಾಚಿ ಪುಡಿಯಲ್ಲ. ಹಸಿರು ಚುಕ್ಕಿ ನೋಡಿ, ಹೊರಗಿನ ಕವಚ ಪ್ರಾಣಿಯ ಚರ್ಮ, ಮೂಳೆಯಿಂದ ಮಾಡುವ ಜೆಲಾಟಿನ್ ಇರಬಹುದು.

ಎರಡನೆಯ ಬಾಟಲಿಗೆ ಐದಕ್ಕೆ ಮೂರು ಕೊಡುತ್ತೇನೆ. ಎಣ್ಣೆ ಕೆಟ್ಟಿರಲಿಲ್ಲ, ಚರ್ಮಕ್ಕೆ ಮೇಲೆ ಹೇಳಿದಷ್ಟು ಉಪಯೋಗ ಆಗಿರಬಹುದು, ಥೈರಾಯ್ಡಿಗೆ ಏನೂ ಆಗಲಿಲ್ಲ. ಅದೇ ಕಂಪನಿಯ ಇನ್ನೊಂದು ಬಾಟಲಿಯಲ್ಲಿ ಈಗ ಒಂಬತ್ತು ಉಳಿದಿವೆ. ಮುಗಿದ ಮೇಲೆ ತರುವುದಿಲ್ಲ. ಆ 540 ರೂಪಾಯಿಗೆ ಭಾನುವಾರ ಬಂಗುಡೆ, ಬೂತಾಯಿ ತರುತ್ತೇನೆ. ಮುಂದಿನ ಚಳಿಯಲ್ಲಿ ಬೆರಳು ಮತ್ತೆ ರೇಷ್ಮೆಗೆ ಸಿಕ್ಕಿದರೆ, ಆಗ ನವೆಂಬರಿನಲ್ಲೇ ಡಾಕ್ಟರ ಹತ್ತಿರ ಹೋಗಿ ಕೇಳುತ್ತೇನೆ.