ಮೇ ತಿಂಗಳಲ್ಲಿ ಮಿರಿಸ್ಸ ಕಡಲತೀರದ ಪ್ರವಾಸ ಮಾರುವವರಿದ್ದಾರೆ: ಶ್ರೀಲಂಕಾ ಪ್ರವಾಸಕ್ಕೆ ಹೊರಟವರಿಗೆ ಎಚ್ಚರಿಕೆ

ಬೇಸಿಗೆ ರಜೆಗೆ ಶ್ರೀಲಂಕಾಕ್ಕೆ ಹೋಗಬೇಕೆಂದಿರುವವರು, ಅದರಲ್ಲೂ ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಟವರು, ಏಜೆನ್ಸಿಗೆ ಮುಂಗಡ ಕೊಡುವ ಮೊದಲು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಆ ದೇಶದ ಮೇಲೆ ನನಗೆ ಒಂದು ದೂರೂ ಇಲ್ಲ. ಚೆಲುವಾದ ನಾಡು, ಸೌಜನ್ಯದ ಜನ. ನನ್ನ ಸಿಟ್ಟೆಲ್ಲ ಬೆಂಗಳೂರಿನಲ್ಲಿ ಕುಳಿತು, ಯಾವ ಊರಿಗೆ ಯಾವ ಕಾಲ ಎಂಬುದನ್ನೂ ನೋಡದೆ ಊರುಗಳ ಹೆಸರು ಪೋಣಿಸಿ ಹಣ ಎಣಿಸಿಕೊಳ್ಳುವವರ ಮೇಲೆ.

ನಾವು ಹೋದದ್ದು 2025ರ ಮೇ ತಿಂಗಳ ಮೂರನೆಯ ವಾರ. ನಾನು, ಯಜಮಾನರು, ಮಗಳು, ಮಂಡಿನೋವಿರುವ ಅತ್ತೆಯವರು. ಏಜೆನ್ಸಿಯವರು ಕೊಟ್ಟ ಪಟ್ಟಿಯಲ್ಲಿ ಸಿಗಿರಿಯ, ದಂಬುಲ್ಲ, ಕ್ಯಾಂಡಿ, ನುವಾರ ಎಲಿಯ, ಹಾರ್ಟನ್ ಪ್ಲೇನ್ಸ್, 'ಎಲ್ಲಾ' ಎಂಬ ಹೆಸರಿನ ಪಟ್ಟಣ, ಯಾಲ, ಮಿರಿಸ್ಸ, ಗಾಲೆ, ಕೊಲಂಬೊ ಇಷ್ಟೂ ಇದ್ದವು. ಒಂದು ವಾರದ ರಜೆಯಲ್ಲಿ ಇಷ್ಟೆಲ್ಲ ಆಗುತ್ತದೆಯೇ ಎಂದು ಕೇಳಿದ್ದಕ್ಕೆ, "ಇಡೀ ದೇಶ ನಮ್ಮ ಕರ್ನಾಟಕದ ಮೂರನೇ ಒಂದು ಪಾಲು ಮೇಡಂ, ಯಾವ ಊರೂ ದೂರವಲ್ಲ" ಎಂದರು. ವಿಸ್ತೀರ್ಣದ ಮಾತು ನಿಜ. ಆದರೆ ಆ ಮೂರನೇ ಒಂದು ಪಾಲಿನ ನಟ್ಟನಡುವೆ ಬೆಟ್ಟಗಳಿವೆ. ಕ್ಯಾಂಡಿಯಿಂದ ನುವಾರ ಎಲಿಯಕ್ಕೆ 80 ಕಿಲೋಮೀಟರ್ ಕೂಡ ಇಲ್ಲ, ಆದರೂ ತಿರುವುಗಳಲ್ಲಿ ಎರಡೂವರೆ ಮೂರು ಗಂಟೆ ಹಿಡಿಯುತ್ತದೆ. ಕಟುನಾಯಕೆ ವಿಮಾನ ನಿಲ್ದಾಣದಿಂದ ಸಿಗಿರಿಯಕ್ಕೆ ನಾಲ್ಕು ಗಂಟೆ ಎಂದು ಇಟ್ಟುಕೊಳ್ಳಿ. ಹೆದ್ದಾರಿಯ ವೇಗ ಸಿಗುವುದು ದಕ್ಷಿಣದಲ್ಲಿ, ಗಾಲೆ ಮತ್ತು ಕೊಲಂಬೊ ನಡುವೆ. ಪಟ್ಟಿಯಲ್ಲಿ ಊರಿನ ಪಕ್ಕ ಕಿಲೋಮೀಟರ್ ಬರೆದಿದ್ದರೆ ಅದನ್ನು ಹೊಡೆದುಹಾಕಿಸಿ, ವ್ಯಾನಿನಲ್ಲಿ ಕೂರಬೇಕಾದ ಗಂಟೆ ಎಷ್ಟು ಎಂದು ಬರೆಸಿಕೊಳ್ಳಿ.

ಸಿಗಿರಿಯದ ಬಂಡೆ ಹತ್ತಲು ಸುಮಾರು 1,200 ಮೆಟ್ಟಿಲುಗಳಿವೆ. ಐದನೆಯ ಶತಮಾನದಲ್ಲಿ ಕಾಶ್ಯಪ ರಾಜ ಆ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ್ದ. ಅದನ್ನು ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹತ್ತಬೇಕು. ನಮ್ಮನ್ನು ವಿಮಾನದಿಂದ ಇಳಿಸಿ, ನಿದ್ದೆಗೆಟ್ಟ ಮುಖದಲ್ಲೇ ನೆತ್ತಿ ಸುಡುವ ಬಿಸಿಲಿಗೆ ಅಲ್ಲಿ ತಂದು ನಿಲ್ಲಿಸಿದರು. ಅತ್ತೆಯವರು ಕೆಳಗಿನ ಕೊಳಗಳ ಬಳಿ ಮರದ ನೆರಳಿನಲ್ಲಿ ಕುಳಿತುಬಿಟ್ಟರು. ಅಂದಹಾಗೆ, ಭಾರತವೂ ಸೇರಿದ ಸಾರ್ಕ್ ಕೂಟದ ದಕ್ಷಿಣ ಏಷ್ಯಾ ದೇಶಗಳ ಪ್ರಜೆಗಳಿಗೆ ಇಲ್ಲಿ ಟಿಕೆಟ್ ದರದಲ್ಲಿ ರಿಯಾಯಿತಿ ಇದೆ, ಪಾಸ್‌ಪೋರ್ಟ್ ತೋರಿಸಬೇಕು. ನಮ್ಮ ಪ್ಯಾಕೇಜಿನ ಲೆಕ್ಕದಲ್ಲಿ ಇತರ ವಿದೇಶಿಯರ ಪೂರ್ತಿ ದರವನ್ನೇ ಹಿಡಿದಿದ್ದರು. ನಿಮ್ಮ ಪ್ಯಾಕೇಜಿನಲ್ಲಿ ಯಾವ ದರ ಹಾಕಿದ್ದಾರೆ ಎಂದು ಕೇಳಿ.

ಮರುದಿನ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ದಂಬುಲ್ಲದ ಗುಹಾ ದೇವಾಲಯದಲ್ಲಿ ಐದು ಗುಹೆಗಳು, ಒಳಗೆಲ್ಲ ಚಾವಣಿಯ ತುಂಬ ಚಿತ್ರ, ಸಾಲು ಸಾಲು ಬುದ್ಧ. ಎರಡನೆಯ ಗುಹೆಗೆ ಕಾಲಿಟ್ಟಿದ್ದೆವೋ ಇಲ್ಲವೋ, ತಡವಾಯಿತು ಎಂದು ಚಾಲಕ ಫೋನ್ ಮಾಡತೊಡಗಿದ. ಅಲ್ಲಿಂದ ಕ್ಯಾಂಡಿಯ ದಾರಿಯಲ್ಲಿ, ಮಾತಲೆಗೆ ಸ್ವಲ್ಪ ಮೊದಲು, ರಸ್ತೆಯ ಪಕ್ಕದಲ್ಲೇ ಅಲುವಿಹಾರೆ ಎಂಬ ಬೌದ್ಧ ವಿಹಾರ ಇದೆ. ಅಲ್ಲಿಯವರೆಗೆ ಬಾಯಿಂದ ಬಾಯಿಗೆ ಬಂದಿದ್ದ ಬೌದ್ಧರ ಧರ್ಮಗ್ರಂಥ ತ್ರಿಪಿಟಕವನ್ನು ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಓಲೆಗರಿಗೆ ಇಳಿಸಿದ್ದು ಇಲ್ಲೇ ಎನ್ನುತ್ತಾರೆ. ನಿಲ್ಲಿಸಿ ಎಂದರೆ ಪಟ್ಟಿಯಲ್ಲಿ ಇಲ್ಲ ಎಂದ. ಸ್ವಲ್ಪ ಮುಂದೆ ಹೋಗಿ ಪಟ್ಟಿಯಲ್ಲಿ ಇಲ್ಲದ ಮಸಾಲೆ ತೋಟದ ಒಳಗೆ ವ್ಯಾನ್ ತಿರುಗಿಸಿದ.

ಏಲಕ್ಕಿ, ಮೆಣಸು, ಜಾಯಿಕಾಯಿ ಗಿಡಗಳನ್ನು ತೋರಿಸುತ್ತಾರೆ. ಮಲೆನಾಡಿನವರಾದ ಅತ್ತೆಯವರಿಗೆ ಅವು ಹೊಸತೇ? ಆಮೇಲೆ ಬೆಂಚಿನ ಮೇಲೆ ಕೂರಿಸುತ್ತಾರೆ. ಒಬ್ಬ ಹುಡುಗ ಕೇಳದೆಯೇ ಯಜಮಾನರ ಮುಂಗೈಗೆ ಬಿಳಿ ಮುಲಾಮು ಸವರಿದ. ಸ್ವಲ್ಪ ಹೊತ್ತು ಬಿಟ್ಟು ಹತ್ತಿಯಿಂದ ಒರೆಸಿದರೆ ರೂಪಾಯಿಯಗಲ ಕೂದಲೆಲ್ಲ ಹೋಗಿ ಚರ್ಮ ನುಣ್ಣಗಾಗಿತ್ತು. ಎಲ್ಲವೂ ಗಿಡಮೂಲಿಕೆ ಎಂದ. ಮತ್ತೊಬ್ಬ ಅತ್ತೆಯವರ ಮಂಡಿ ಹಿಡಿದು ಎಣ್ಣೆ ತಿಕ್ಕುತ್ತ, ಮೂರು ತಿಂಗಳು ಹಚ್ಚಿದರೆ ಶಸ್ತ್ರಚಿಕಿತ್ಸೆಯೇ ಬೇಡ ಎಂದು ಹೇಳತೊಡಗಿದಾಗ ನನಗೆ ತಡೆಯಲಾಗಲಿಲ್ಲ. ನೋವಿನಲ್ಲಿರುವ ಮುದುಕರ ಮುಂದೆ ಹೀಗೆ ಸುಳ್ಳು ಹೇಳುವುದು ಕ್ರೌರ್ಯ. ಬಾಟಲಿಗಳ ಬೆಲೆ ಊರಿನ ಅಂಗಡಿಯ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಕ್ಯಾಂಡಿ ತಲುಪುವ ಮುನ್ನ ರತ್ನದ ಅಂಗಡಿಯೂ ಆಯಿತು. ಅಲ್ಲಿ ಬುದ್ಧನ ಹಲ್ಲನ್ನು ಇಟ್ಟು ಪೂಜಿಸುವ ದಂತ ದೇವಾಲಯದಲ್ಲಿ ಸಂಜೆಯ ಪೂಜೆ ತಪ್ಪಿತು.

ಚಾಲಕನನ್ನು ನಾನು ಬೈಯಲಾರೆ. ನಮ್ಮ ಹಣ ಬೆಂಗಳೂರಿನ ಏಜೆನ್ಸಿಯಿಂದ ಕೊಲಂಬೊದ ಏಜೆನ್ಸಿಗೆ, ಅಲ್ಲಿಂದ ವ್ಯಾನಿನ ಮಾಲೀಕನಿಗೆ ಹೋಗಿ, ಅವನ ಕೈಗೆ ಬರುವಾಗ ದಿನದ ಭತ್ಯೆಯಷ್ಟೇ ಉಳಿದಿರುತ್ತದೆ. ಅಂಗಡಿಯ ಕಮಿಷನ್ ಇಲ್ಲದಿದ್ದರೆ ಮನೆ ನಡೆಯುವುದಿಲ್ಲ ಎಂದು ಅವನೇ ಹೇಳಿದ. ಅಂಗಡಿ ಭೇಟಿ ಬೇಡ ಎಂದು ಮೊದಲೇ ಲಿಖಿತವಾಗಿ ಹೇಳಿ, ಚಾಲಕನಿಗೆ ದಿನಕ್ಕೆ ಎಷ್ಟು ಕೊಡುತ್ತಾರೆ ಎಂದು ಕೇಳಿಕೊಂಡು, ನೀವೇ ಒಂದಿಷ್ಟು ಸೇರಿಸಿ ಕೊಡುವುದು ಎಲ್ಲರಿಗೂ ಒಳ್ಳೆಯದು.

ಬೆಟ್ಟದ ರೈಲಿನಲ್ಲಿ ಕಿಟಕಿ ಪಕ್ಕದ ಕಾಯ್ದಿರಿಸಿದ ಆಸನ ಎಂದು ಪ್ಯಾಕೇಜಿನಲ್ಲಿ ದಪ್ಪಕ್ಷರದಲ್ಲಿತ್ತು. ನುವಾರ ಎಲಿಯ ಹತ್ತಿರದ 'ನಾನುಓಯ' ಎಂಬ ನಿಲ್ದಾಣದಲ್ಲಿ ನಮ್ಮ ಕೈಗೆ ಬಂದದ್ದು ಆಸನಸಂಖ್ಯೆಯೇ ಇಲ್ಲದ ಮೂರನೆಯ ದರ್ಜೆಯ ಟಿಕೆಟ್. ಅತ್ತೆಯವರು ಪಟ್ಟಿಪೊಲ ನಿಲ್ದಾಣ ದಾಟುವ ತನಕ ಶೌಚಾಲಯದ ಬಾಗಿಲಿಗೆ ಒರಗಿ ನಿಂತಿದ್ದರು. ಕೊನೆಗೆ ಅಲ್ಲಿಯವರೇ ಆದ ಒಬ್ಬ ಹೆಂಗಸು ಮಗುವನ್ನು ತೊಡೆಯ ಮೇಲೆ ಎತ್ತಿಕೊಂಡು ಜಾಗ ಮಾಡಿಕೊಟ್ಟರು. ಈ ರೈಲಿನ ಮುಂಗಡ ಬುಕಿಂಗ್ ಶುರುವಾಗುವುದು 30 ದಿನ ಮೊದಲು, ಒಳ್ಳೆಯ ಆಸನಗಳು ನೋಡುನೋಡುತ್ತಲೇ ಮುಗಿದುಹೋಗುತ್ತವೆ. ಆದ್ದರಿಂದ ಮೂರು ತಿಂಗಳ ಮೊದಲೇ ಯಾರಾದರೂ ಟಿಕೆಟ್ ಖಚಿತವಾಗಿದೆ ಎಂದರೆ ನಂಬಬೇಡಿ. ಹವಾನಿಯಂತ್ರಿತ ಮೊದಲ ದರ್ಜೆಯಲ್ಲಿ ಕಿಟಕಿ ತೆರೆಯಲು ಬರುವುದಿಲ್ಲ ಎಂಬುದೂ ನೆನಪಿರಲಿ. ನಾವು ಬಂದ ಮೇಲೆ, 2025ರ ನವೆಂಬರಿನ ದಿತ್ವಾ ಚಂಡಮಾರುತದಲ್ಲಿ ಬೆಟ್ಟದ ರೈಲು ಮಾರ್ಗಕ್ಕೆ ಭಾರಿ ಹಾನಿಯಾಯಿತು. ಎಲ್ಲಿಂದ ಎಲ್ಲಿಯವರೆಗೆ ರೈಲು ಓಡುತ್ತಿದೆ ಎಂದು ವಿಚಾರಿಸಿಯೇ ಹೊರಡಿ.

ಹಾರ್ಟನ್ ಪ್ಲೇನ್ಸ್‌ಗೆ ನಮ್ಮನ್ನು ಕರೆದೊಯ್ದದ್ದು ಹೋಟೆಲಿನ ತಿಂಡಿ ಮುಗಿದ ಮೇಲೆ. 'ವರ್ಲ್ಡ್ಸ್ ಎಂಡ್' ಎಂಬ ಪ್ರಪಾತದ ಅಂಚು ಅಲ್ಲಿದೆ, ಕೆಳಗೆ 800 ಮೀಟರಿಗೂ ಹೆಚ್ಚಿನ ಆಳ. ಒಂಬತ್ತು ಹತ್ತು ಗಂಟೆಯ ಹೊತ್ತಿಗೆ ಮಂಜು ಕವಿಯುತ್ತದೆ, ಅದಕ್ಕೇ ಬಲ್ಲವರು ಕತ್ತಲಿರುವಾಗಲೇ ಹೊರಡುತ್ತಾರೆ. ಅಷ್ಟು ದೂರ ನಡೆದು ಹೋಗಿ ನಾವು ಕಂಡದ್ದು ಹಾಲು ಬಣ್ಣದ ಗೋಡೆ.

ಯಾಲದಲ್ಲಿ ಮಾತ್ರ ಎಲ್ಲ ಸರಿಯಾಗಿತ್ತು. ಚಿರತೆ ಕಾಣಲಿಲ್ಲ, ಆನೆಗಳು ಕಂಡವು, ಮಗಳು ಖುಷಿಯಾಗಿದ್ದಳು.

ಇನ್ನು ಮಿರಿಸ್ಸ. ನೀಲಿ ತಿಮಿಂಗಿಲ ನೋಡಲೆಂದೇ ಮಗಳು ಈ ಪ್ರವಾಸ ಕೇಳಿದ್ದು. ಬೆಳಗ್ಗೆ ಬಂದರಿಗೆ ಹೋದರೆ ದೋಣಿಗಳೆಲ್ಲ ಟಾರ್ಪಾಲು ಹೊದ್ದು ಸಾಲಾಗಿ ಕಟ್ಟಿದ್ದವು, ಕಡಲತೀರದಲ್ಲಿ ಕೆಂಪು ಬಾವುಟ. ದೋಣಿ ಕಚೇರಿಯಲ್ಲಿದ್ದ ಹಿರಿಯರು ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ತೋರಿಸಿದರು: ನವೆಂಬರಿನಿಂದ ಏಪ್ರಿಲ್. ಆಮೇಲೆ ತಮ್ಮ ದೋಣಿ ಹೊರಡುವುದಿಲ್ಲ, ಇದು ಪ್ರತಿ ವರ್ಷದ ಮಾತು ಎಂದರು. ಮಗಳು ಏನೂ ಹೇಳದೆ ವ್ಯಾನಿಗೆ ಹೋಗಿ ಕುಳಿತಳು.

ಇದನ್ನು ದಯವಿಟ್ಟು ಎಲ್ಲರಿಗೂ ತಿಳಿಸಿ. ಆ ಪುಟ್ಟ ದ್ವೀಪಕ್ಕೆ ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್ ತನಕ ನೈಋತ್ಯ ಮುಂಗಾರು ಕೊಲಂಬೊ, ಗಾಲೆ, ಮಿರಿಸ್ಸ ಮತ್ತು ಬೆಟ್ಟದ ಪಡುವಣ ಇಳಿಜಾರುಗಳನ್ನು ತೋಯಿಸುತ್ತದೆ. ಆಗ ಪೂರ್ವದ ತ್ರಿಂಕೋಮಲಿ, ಪಾಸಿಕುಡ ಕಡೆಗೆ ಕಡಲು ಶಾಂತ, ತಿಮಿಂಗಿಲಗಳೂ ತ್ರಿಂಕೋಮಲಿಯ ಕಡೆ ಕಾಣಿಸಿಕೊಳ್ಳುತ್ತವೆ. ಡಿಸೆಂಬರಿನಿಂದ ಫೆಬ್ರವರಿ ತನಕ ಈಶಾನ್ಯ ಮಾರುತದ ಮಳೆ ಪೂರ್ವಕ್ಕೆ, ದಕ್ಷಿಣ ತೀರಕ್ಕೆ ಹದವಾದ ಬಿಸಿಲು. ನಮ್ಮ ಬೇಸಿಗೆ ರಜೆಗೆ ಹೊರಡುವವರು ಸಿಗಿರಿಯದಿಂದ ಪೂರ್ವಕ್ಕೆ ತಿರುಗಬೇಕು, ದಸರಾ ರಜೆಯವರು ಋತು ಬದಲಾಗುವ ಕಾಲದ ಮಳೆಯನ್ನು ಲೆಕ್ಕಕ್ಕಿಟ್ಟುಕೊಳ್ಳಬೇಕು. ವರ್ಷವಿಡೀ ಒಂದೇ ಪಟ್ಟಿ ಮಾರುವ ಏಜೆನ್ಸಿಯ ಹತ್ತಿರ ಹೋಗಲೇಬೇಡಿ.

ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ಅಲ್ಲಿನ ಕಾಯಿ ಸಂಬೋಲ್‌ಗೆ, ಕೆಲವು ಪಲ್ಯಗಳಿಗೂ ಉಂಬಲಕಡ ಎಂಬ ಒಣಮೀನಿನ ಚೂರು ಹಾಕುತ್ತಾರೆ. ಹೆಸರು ಹಿಡಿದೇ ಕೇಳಿ. ಕ್ಯಾಂಡಿ, ನುವಾರ ಎಲಿಯಗಳಲ್ಲಿ ತಮಿಳರ ಸಸ್ಯಾಹಾರಿ ಹೋಟೆಲುಗಳಿವೆ, ಇಡ್ಲಿ ದೋಸೆ ಸಿಗುತ್ತದೆ.

ಹಿಂದಿರುಗಿ ಬಂದು ಹಣ ಕೇಳಿದಾಗ ಏಜೆನ್ಸಿಯವರು "ಹವಾಮಾನ ನಮ್ಮ ಕೈಯಲ್ಲಿಲ್ಲ" ಎಂದು ಬರೆದರು. ಪ್ರತಿ ವರ್ಷ ಬರುವ ಮುಂಗಾರು ಯಾರಿಗೆ ಆಕಸ್ಮಿಕ? ಬುಕಿಂಗ್ ಸಮಯದಲ್ಲಿ ಅರ್ಧ ನಗದಾಗಿ ಕೊಟ್ಟರೆ ಟಿಸಿಎಸ್, ಅಂದರೆ ಮಾರುವವರೇ ಮೊದಲು ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಉಳಿಯುತ್ತದೆ ಎಂದೂ ಇವರೇ ಹೇಳಿದ್ದರು. ಯಜಮಾನರು ಒಪ್ಪದೆ ಪೂರ್ತಿ ಬ್ಯಾಂಕಿನಿಂದಲೇ ಕಳಿಸಿದ್ದರಿಂದ ಇಂದು ನಮ್ಮ ಕೈಯಲ್ಲಿ ದಾಖಲೆ ಇದೆ. ವಿದೇಶ ಪ್ರವಾಸದ ಪ್ಯಾಕೇಜಿಗೆ ಹಿಡಿದ ಟಿಸಿಎಸ್ ಆದಾಯ ತೆರಿಗೆ ಇಲಾಖೆ ಕೊಡುವ ನಿಮ್ಮ ತೆರಿಗೆ ವಿವರದ ಪಟ್ಟಿಯಲ್ಲಿ ಕಾಣಬೇಕು, ತೆರಿಗೆ ಲೆಕ್ಕದಲ್ಲಿ ನಿಮಗೇ ಹೊಂದಾಣಿಕೆಯಾಗುತ್ತದೆ. ಮೋಸವಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ನಾವು ದೂರು ಸಲ್ಲಿಸಿದ ಮೇಲೆ ಏಜೆನ್ಸಿಯಿಂದ ಕರೆ ಬಂತು. ದೋಣಿಯ ಹಣವನ್ನಷ್ಟೇ ಕೊಡುತ್ತಾರಂತೆ, ಈ ವಿಷಯ ಎಲ್ಲಿಯೂ ಬರೆಯುವುದಿಲ್ಲ ಎಂದು ಸಹಿ ಮಾಡಿಕೊಟ್ಟರೆ. ನಾವು ಸಹಿ ಮಾಡಿಲ್ಲ.