ಬಡ್ಜಿ, ಕಾಕಟೀಲ್, ಸನ್ ಕೊನ್ಯೂರ್: ಫ್ಲ್ಯಾಟಿನ ಮನೆಗೆ ಯಾವ ಗಿಳಿ?

ಗಿಳಿ ಕೊಳ್ಳಲು ಬಂದವರು ಅಂಗಡಿಯಲ್ಲಿ ಮೊದಲು ಕೇಳುವುದು "ಇದು ಮಾತಾಡುತ್ತಾ?" ಅಂತ. ಕೇಳಬೇಕಾದ್ದು ಬೇರೆ. ಎಷ್ಟು ಕೂಗುತ್ತದೆ, ದಿನಕ್ಕೆ ಎಷ್ಟು ಹೊತ್ತು ನಮ್ಮನ್ನು ಬೇಡುತ್ತದೆ, ಎಷ್ಟು ವರ್ಷ ಇರುತ್ತದೆ? ಬಡ್ಜಿ, ಕಾಕಟೀಲ್, ಸನ್ ಕೊನ್ಯೂರ್ ಮೂರನ್ನೂ ಒಂದೇ ದಿನಚರಿಯಲ್ಲಿ, ಒಂದೇ ಬಗೆಯ ತರಬೇತಿ ಕೊಟ್ಟು ಸಾಕಿ ನೋಡಿದರೆ ಬುದ್ಧಿಯಲ್ಲಿ ಯಾವುದೂ ಹಿಂದೆ ಬೀಳುವುದಿಲ್ಲ. ದೊಡ್ಡ ಅಂತರ ಕಾಣುವುದು ಈ ಮೂರು ಲೆಕ್ಕಗಳಲ್ಲಿ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡೋಣ. ನಮ್ಮ ತೋಟಕ್ಕೆ, ದೇವಸ್ಥಾನದ ಗೋಪುರಕ್ಕೆ ಬರುವ ಹಸಿರು ಗಿಳಿಯನ್ನು ಪಂಜರದಲ್ಲಿ ಇಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ, ಮರಿ "ಗೂಡಿಂದ ಬಿದ್ದಿತ್ತು" ಅಂದರೂ ಅಷ್ಟೇ. ಬಡ್ಜಿ ಮತ್ತು ಕಾಕಟೀಲ್ ಆಸ್ಟ್ರೇಲಿಯಾ ಮೂಲದವು, ತಲೆಮಾರುಗಳಿಂದ ಪಂಜರದಲ್ಲೇ ಮರಿ ಮಾಡುತ್ತಿರುವವು. ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿ ಇವೆರಡೂ ಇಲ್ಲ. ಸನ್ ಕೊನ್ಯೂರ್ ಆ ಪಟ್ಟಿಯಲ್ಲಿದೆ. ಹಾಗಾಗಿ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ಅದನ್ನು ನೋಂದಾಯಿಸಬೇಕು. ಮಾರುವವರು ಕಾಗದಪತ್ರ ಕೊಡಲು ತಡವರಿಸಿದರೆ ಹಕ್ಕಿಯನ್ನು ಅಲ್ಲೇ ಬಿಟ್ಟು ಬನ್ನಿ. ಇನ್ನೊಂದು ಗೊಂದಲವೂ ಇದೆ: ನಮ್ಮ ಕಡೆ ಅಂಗಡಿಗಳಲ್ಲಿ "ಲವ್ ಬರ್ಡ್ಸ್" ಅಂತ ಕೊಡುವುದು ಬಹುತೇಕ ಬಡ್ಜಿಯನ್ನೇ. ನಿಜವಾದ ಲವ್ ಬರ್ಡ್ ಆಫ್ರಿಕಾ ಮೂಲದ್ದು, ಗಿಡ್ಡ ಬಾಲದ ಬೇರೆ ಹಕ್ಕಿ. ಬಡ್ಜಿಗಿಂತ ಜೋರಾಗಿ ಕಚ್ಚುತ್ತದೆ.

ಸದ್ದು

ಬಡ್ಜಿ 30–40 ಗ್ರಾಂ ತೂಗುತ್ತದೆ. ದಿನವಿಡೀ ಚಿಲಿಪಿಲಿ ಇರುತ್ತದೆ, ಆದರೆ ಕದ ಮುಚ್ಚಿದರೆ ಪಕ್ಕದ ಕೋಣೆಗೆ ಅಷ್ಟಾಗಿ ಕೇಳಿಸದು. 80–100 ಗ್ರಾಂನ ಕಾಕಟೀಲ್ ಶಿಳ್ಳೆ ಹಕ್ಕಿ. ಗಂಡು ಬೆಳಿಗ್ಗೆ ಒಂದು ಗಂಟೆ ಒಂದೇ ರಾಗವನ್ನು ಎಳೆಯುತ್ತಾ ಕೂತರೂ ತಲೆ ಚಿಟ್ಟು ಹಿಡಿಯುವುದಿಲ್ಲ. ಆದರೆ ಒಂಟಿಯಾಗಿ ಬಿಟ್ಟು ನೀವು ಕೋಣೆ ದಾಟಿದರೆ ಚೂಪಾದ ಕೂಗು ಶುರುವಾಗುತ್ತದೆ.

ಸನ್ ಕೊನ್ಯೂರ್ 100–120 ಗ್ರಾಂ ಅಷ್ಟೇ, ಕಾಕಟೀಲ್‌ಗಿಂತ ಸ್ವಲ್ಪ ಹೆಚ್ಚು. ಗಂಟಲು ಮಾತ್ರ ಹತ್ತು ಪಟ್ಟು. ಗಯಾನಾ ಮತ್ತು ಉತ್ತರ ಬ್ರೆಜಿಲ್‌ನ ಬಯಲಲ್ಲಿ ಹಿಂಡು ಹಿಂಡಾಗಿ ಹಾರುವಾಗ ದೂರದ ಸಂಗಾತಿಗೆ ಕೇಳಿಸಲೆಂದು ಬಂದ ಕಂಠ ಅದು. ಬೆಳಕು ಹರಿಯುವಾಗ ಮತ್ತು ಹೊತ್ತು ಮುಳುಗುವಾಗ ಹತ್ತು ಹದಿನೈದು ನಿಮಿಷ ಕೂಗೇ ಕೂಗುತ್ತದೆ. ಯಾವ ತರಬೇತಿಯೂ ಇದನ್ನು ನಿಲ್ಲಿಸುವುದಿಲ್ಲ, ನಿಲ್ಲಿಸಲು ಹೊರಡಲೂಬಾರದು. ಗೋಡೆಗೆ ಗೋಡೆ ಅಂಟಿದ ಫ್ಲ್ಯಾಟಿನಲ್ಲಿ ಇದೊಂದೇ ಕಾರಣಕ್ಕೆ ಕೊನ್ಯೂರ್ ಬೇಡ ಎನ್ನುವುದು ನಮ್ಮ ತೀರ್ಪು. ವಿಡಿಯೋದಲ್ಲಿ ಅಂಗೈ ಮೇಲೆ ಮಲಗುವ ಹಳದಿ ಮರಿ ಕಂಡು ಮನಸ್ಸು ಕರಗುತ್ತದೆ, ಆದರೆ ಆ ವಿಡಿಯೋಗಳಿಗೆ ಹಿನ್ನೆಲೆ ಸಂಗೀತ ಹಾಕಿರುತ್ತಾರೆ ಅನ್ನುವುದನ್ನು ಮರೆಯಬೇಡಿ.

ಬುದ್ಧಿ: ಒಂದೇ ಕೋಲು, ಮೂರು ಹಕ್ಕಿ

ಮೂರಕ್ಕೂ ಹೊಂದುವ ಪರೀಕ್ಷೆ ಎಂದರೆ ಕೋಲು ಮುಟ್ಟಿಸುವುದು. ಒಂದು ಐಸ್‌ಕ್ರೀಮ್ ಕಡ್ಡಿ ಅಥವಾ ಚಾಪ್‌ಸ್ಟಿಕ್ ಸಾಕು. ಅದನ್ನು ಪಂಜರದ ಹೊರಗಿನಿಂದ ಕೊಕ್ಕಿಗೆ ನಾಲ್ಕು ಬೆರಳು ದೂರದಲ್ಲಿ ಹಿಡಿಯಿರಿ. ಹಕ್ಕಿ ಕುತೂಹಲಕ್ಕೆ ಕೊಕ್ಕು ತಾಗಿಸಿದ ಕ್ಷಣವೇ ಒಂದು ಗುರುತಿನ ಸದ್ದು ಮಾಡಿ ("ಟಕ್" ಎಂದು ನಾಲಿಗೆ ಹೊಡೆದರೂ ಆದೀತು), ಎರಡು ಸೆಕೆಂಡಿನೊಳಗೆ ತಿನಿಸು ಕೊಡಿ. ದಿನಕ್ಕೆ ಎರಡು ಸಲ, ಐದೈದು ನಿಮಿಷ. ತಿನಿಸು ದಿನದ ಊಟದಲ್ಲಿ ಸಿಗದ ವಸ್ತುವೇ ಆಗಿರಬೇಕು. ಬಡ್ಜಿ, ಕಾಕಟೀಲ್‌ಗೆ ನವಣೆಯ ತೆನೆ, ಕೊನ್ಯೂರ್‌ಗೆ ಸಿಪ್ಪೆ ಬಿಡಿಸಿದ ಸೂರ್ಯಕಾಂತಿ ಬೀಜದ ಅರ್ಧ ಹೋಳು.

ಕೈಯಲ್ಲೇ ಬೆಳೆದ ಕೊನ್ಯೂರ್ ಮೊದಲ ಎರಡು ಮೂರು ಪಾಠಗಳಲ್ಲೇ ಗುಟ್ಟು ಹಿಡಿಯುತ್ತದೆ. ಕಾಕಟೀಲ್‌ಗೆ ಒಂದು ವಾರ. ಅಂಗಡಿಯ ದೊಡ್ಡ ಪಂಜರದಿಂದ ಬಂದ ಬಡ್ಜಿ ಎರಡು ಮೂರು ವಾರ ಕೋಲಿನ ಹತ್ತಿರವೇ ಸುಳಿಯುವುದಿಲ್ಲ. ಅದಕ್ಕೇ ಜನ ಬಡ್ಜಿಯನ್ನು "ಬರೀ ಅಂದಕ್ಕೆ" ಅಂತ ಬದಿಗಿಡುವುದು. ಅದು ದಡ್ಡತನವಲ್ಲ, ಹೆದರಿಕೆ. ಆ ಹೆದರಿಕೆ ಕಳೆದ ಮೇಲೆ ಉಂಗುರ ದಾಟುವುದು, ತಿರುಗುವುದು, ಕರೆದಲ್ಲಿಗೆ ಹಾರಿ ಬರುವುದನ್ನು ಬಡ್ಜಿ ಕಾಕಟೀಲ್‌ಗಿಂತ ಬೇಗ ಕಲಿಯುತ್ತದೆ. ಮಾತಿನಲ್ಲಂತೂ ಗಂಡು ಬಡ್ಜಿಯೇ ಮೂರರಲ್ಲಿ ಮುಂದು. ಅಮೆರಿಕದ ಪಕ್ ಎಂಬ ಬಡ್ಜಿ 1,728 ಪದ ನುಡಿಯುತ್ತಿತ್ತೆಂದು ಗಿನ್ನೆಸ್ ದಾಖಲೆ ಇದೆ. ದನಿ ಮಾತ್ರ ಸಣ್ಣದು, ವೇಗ ಹೆಚ್ಚು. ಪಕ್ಕದ ಮನೆಯ ರೇಡಿಯೋ ಕೇಳಿದ ಹಾಗಿರುತ್ತದೆ, ಕಿವಿಗೊಟ್ಟರಷ್ಟೇ ಪದ ಸಿಗುತ್ತದೆ.

ಕೊನ್ಯೂರಿನ ಜಾಣತನ ನಮಗೇ ತಿರುಗುಬಾಣ ಆಗುವುದು ಕೂಗಿನಲ್ಲಿ. ಹತ್ತಿರದಿಂದ ನೋಡಿ. ನೀವು ಅಡುಗೆಮನೆಗೆ ಹೋಗುತ್ತೀರಿ. ಹಕ್ಕಿ ಮೊದಲು ಸಣ್ಣಗೆ "ಟ್ರೀಕ್" ಎನ್ನುತ್ತದೆ. ಅದು ಸಂಪರ್ಕದ ಕರೆ, "ಎಲ್ಲಿದ್ದೀ?" ಅಂತ. ಉತ್ತರ ಬರುವುದಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ. ಆಗಲೂ ಇಲ್ಲ. ಕೊನೆಗೆ ಕುತ್ತಿಗೆ ಚಾಚಿ, ಭುಜ ಅಗಲಿಸಿ ಕಿರುಚುತ್ತದೆ. ನೀವು ಸೌಟು ಹಿಡಿದೇ ಓಡಿ ಬಂದು "ಷ್! ಸುಮ್ಮನಿರು!" ಎನ್ನುತ್ತೀರಿ. ಅಲ್ಲಿಗೆ ಪಾಠ ಮುಗಿಯಿತು: ಸಣ್ಣ ಕರೆಗೆ ಯಾರೂ ಇಲ್ಲ, ಕಿರುಚಿದರೆ ಮನುಷ್ಯ ಬರುತ್ತಾನೆ. ಬೈಗುಳವೂ ಅದಕ್ಕೆ ಜೊತೆಯೇ. ಸರಿಪಡಿಸಲು ಮೊದಲ ಸಣ್ಣ ಕರೆಗೇ ನೀವಿದ್ದಲ್ಲಿಂದ ಒಂದು ಶಿಳ್ಳೆ ಹಾಕಿ ಉತ್ತರ ಕೊಡಿ. ಕಿರುಚಿದಾಗ ಮಾತೂ ಬೇಡ, ನೋಟವೂ ಬೇಡ. ಸದ್ದು ನಿಂತು ಐದು ಸೆಕೆಂಡ್ ಕಳೆದ ಮೇಲೆ ಹೋಗಿ. ಮೊದಲ ಕೆಲವು ದಿನ ಕಿರುಚಾಟ ಕಡಿಮೆಯಾಗುವ ಬದಲು ಏರುತ್ತದೆ. ಹೆಚ್ಚಿನವರು ಸೋಲುವುದು ಅಲ್ಲೇ. ನಾಲ್ಕನೆಯ ದಿನ ಸೋತು ಓಡಿ ಬಂದರೆ, ಇನ್ನಷ್ಟು ಜೋರಾಗಿ ಕಿರುಚಬೇಕು ಎಂದು ಕಲಿಸಿದ ಹಾಗಾಯಿತು.

ಕಾಕಟೀಲ್ ಇಲ್ಲಿ ಗೆಲ್ಲುವುದು ಜುಟ್ಟಿನಿಂದ. ಮನಸ್ಸನ್ನು ತಲೆಯ ಮೇಲೇ ಹೊತ್ತಿರುವ ಹಕ್ಕಿ ಅದು. ಜುಟ್ಟು ನೆಟ್ಟಗಿದ್ದರೆ ಗಾಬರಿ ಅಥವಾ ಎಚ್ಚರ, ತುದಿ ಮಾತ್ರ ಎದ್ದು ಹಿಂದಕ್ಕೆ ಬಾಗಿದ್ದರೆ ನಿರಾಳ, ತಲೆಗೆ ಅಂಟಿಕೊಂಡು ಬಾಯಿಂದ "ಹಿಸ್" ಬಂದರೆ ಕೈ ಹಿಂದಕ್ಕೆ. ಹೊಸಬರು ಕಡಿಸಿಕೊಳ್ಳದೆ ಗಿಳಿಯ ಭಾಷೆ ಕಲಿಯಲು ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಕೊನ್ಯೂರ್‌ನಲ್ಲಿ ಕಣ್ಣಿನ ಪಾಪೆ ಪಟಪಟನೆ ಕಿರಿದಾಗಿ ಹಿಗ್ಗುವುದನ್ನೇ ಗಮನಿಸಬೇಕು. ಖುಷಿಗೂ ಹಾಗೇ ಆಗುತ್ತದೆ, ಕಚ್ಚುವ ಮೊದಲೂ ಹಾಗೇ. ಕುತ್ತಿಗೆಯ ಗರಿ ಉಬ್ಬಿದೆಯೇ ನೋಡಿ ತೀರ್ಮಾನಿಸಬೇಕು. ಮೂರರಲ್ಲೂ ಕೊಕ್ಕು ಮಸೆಯುವ ಕಿರಿಕಿರಿ ಸದ್ದು ಬಂದರೆ ನಿದ್ದೆಗೆ ಜಾರುತ್ತಿದೆ ಎಂದರ್ಥ.

"ಎಲ್ಲಕ್ಕಿಂತ ಬುದ್ಧಿವಂತ ಆಫ್ರಿಕನ್ ಗ್ರೇ ಅಲ್ಲವೇ, ಅದನ್ನೇ ತರೋಣ" ಎನ್ನುವವರಿಗೆ ಒಂದು ಮಾತು. ಗಿಳಿಗಳ ಬುದ್ಧಿಯನ್ನು ಅಧ್ಯಯನ ಮಾಡಿದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಅವರ ಜೊತೆ 1977ರಿಂದ 2007ರವರೆಗೆ ಇದ್ದ ಅಲೆಕ್ಸ್ ಎಂಬ ಗ್ರೇ ಗಿಳಿ ಬಣ್ಣ, ಆಕಾರ ಹೆಸರಿಸುತ್ತಿತ್ತು, ಆರರವರೆಗೆ ಎಣಿಸುತ್ತಿತ್ತು. ಆದರೆ ಅದರ ಜೊತೆಗೆ ದಿನವಿಡೀ ಕೆಲಸ ಮಾಡಲು ಒಂದು ಪ್ರಯೋಗಾಲಯದ ಜನರೇ ಇದ್ದರು. ಬೆಳಿಗ್ಗೆ ಒಂಬತ್ತಕ್ಕೆ ಬೀಗ ಹಾಕಿ ಸಂಜೆ ಏಳಕ್ಕೆ ತೆರೆಯುವ ಮನೆಯಲ್ಲಿ ಗ್ರೇ ತನ್ನ ಎದೆಯ ಗರಿಗಳನ್ನೇ ಕಿತ್ತುಕೊಳ್ಳುತ್ತದೆ. ಆಯಸ್ಸು ನಲವತ್ತು ವರ್ಷಕ್ಕೂ ಮೇಲೆ. ಹೋಲಿಕೆಯಿಂದ ಅದನ್ನು ಹೊರಗಿಟ್ಟಿದ್ದು ಅದಕ್ಕೇ.

ಊಟ

ಬೀಜ, ಪೆಲೆಟ್ (ಗುಳಿಗೆಯಂತೆ ಒತ್ತಿದ ಸಿದ್ಧ ಆಹಾರ), ತರಕಾರಿ ಮಿಶ್ರಣ ಎಂಬ ಮೂರು ದಾರಿಗಳಲ್ಲಿ ಬರೀ ಬೀಜದ್ದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಕೆಟ್ಟದ್ದು. ನವಣೆ, ಬರಗು, ಸಾಮೆ ಒಳ್ಳೆಯ ಕಾಳುಗಳೇ, ಆದರೆ ಅವುಗಳಲ್ಲಿ ಎ ಜೀವಸತ್ವ ಮತ್ತು ಕ್ಯಾಲ್ಸಿಯಂ ಸಾಲದು. ಸೂರ್ಯಕಾಂತಿ ಬೀಜ ತುಂಬಿಟ್ಟರೆ ಕಾಕಟೀಲ್ ಅದನ್ನೇ ಆರಿಸಿ ತಿಂದು ಯಕೃತ್ತಿಗೆ ಕೊಬ್ಬು ಕೂಡಿಸಿಕೊಳ್ಳುತ್ತದೆ. ಹೊರಗೆ ದುಂಡಗೆ ಕಾಣುತ್ತದೆ, ಒಳಗೆ ಜೀವಸತ್ವದ ಬರ.

ಬರೀ ಪೆಲೆಟ್ ಕೂಡ ನಮಗೆ ಒಪ್ಪಿಗೆಯಿಲ್ಲ. ತಿನ್ನಲು ಹುಡುಕಾಡುವ ಕೆಲಸವೇ ಇಲ್ಲದೆ ಹಕ್ಕಿಗೆ ಬೇಸರ ಹಿಡಿಯುತ್ತದೆ. ಸರಿಹೋದ ಅಳತೆ ಇದು: ಕಾಕಟೀಲ್, ಕೊನ್ಯೂರ್‌ಗೆ ಅರ್ಧ ಪೆಲೆಟ್, ಉಳಿದರ್ಧದಲ್ಲಿ ಹೆಚ್ಚು ಪಾಲು ಸೊಪ್ಪು ತರಕಾರಿ, ಸ್ವಲ್ಪ ಬೀಜ. ಬಡ್ಜಿಗೆ ಬೀಜದ ಪಾಲು ತುಸು ಹೆಚ್ಚಿರಲಿ, ದಿನಕ್ಕೆ ಒಂದೂವರೆ ಟೀ ಚಮಚ. ಸೊಪ್ಪಿನಲ್ಲಿ ನುಗ್ಗೆಸೊಪ್ಪಿಗೆ ಮೊದಲ ಸ್ಥಾನ. ಗೊಂಚಲನ್ನು ಒದ್ದೆ ಮಾಡಿ ಪಂಜರದ ಮೇಲಿಂದ ತೂಗುಹಾಕಿದರೆ ಬಡ್ಜಿ ಅದರಲ್ಲೇ ಸ್ನಾನ ಮಾಡಿ ಅದನ್ನೇ ತಿನ್ನುತ್ತದೆ. ಕ್ಯಾರೆಟ್ ತುರಿ, ಬೇಯಿಸಿದ ಸಿಹಿಗೆಣಸು, ಸಿಹಿಕುಂಬಳ, ಮೊಳಕೆ ಹೆಸರುಕಾಳು ಎಲ್ಲ ಆದೀತು. ಹಸಿ ಮೊಳಕೆಯನ್ನು ನಮ್ಮ ಸೆಕೆಗೆ ಎರಡು ಗಂಟೆ ಮೀರಿ ಬಟ್ಟಲಲ್ಲಿ ಬಿಡಬೇಡಿ, ಹುಳಿಯುತ್ತದೆ. ಬಟರ್ ಫ್ರೂಟ್ ಕೊಡಲೇಬಾರದು, ಪ್ರಾಣ ಹೋಗುತ್ತದೆ. ಚಾಕೊಲೇಟ್, ಕಾಫಿ, ಉಪ್ಪು ಹಾಕಿದ ತಿಂಡಿ, ಈರುಳ್ಳಿ ಬೇಡ.

ಬೀಜದಿಂದ ಪೆಲೆಟ್‌ಗೆ ದಾಟಿಸುವಾಗ "ಹಸಿವಾದರೆ ತಾನೇ ತಿನ್ನುತ್ತೆ" ಎಂಬ ಸಲಹೆ ಅಪಾಯದ್ದು. ಬಡ್ಜಿಗೆ ಪೆಲೆಟ್ ಆಹಾರವೆಂದೇ ಗೊತ್ತಾಗದೆ ತುಂಬಿದ ಬಟ್ಟಲಿನ ಮುಂದೆ ಉಪವಾಸ ಸಾಯಬಹುದು. ಮೊದಲ ವಾರ ಪೆಲೆಟ್ ಪುಡಿ ಮಾಡಿ ಒದ್ದೆ ತರಕಾರಿಗೆ ಉದುರಿಸಿ. ಎರಡನೆಯ ವಾರ ಕಾಲು ಭಾಗ ಪೆಲೆಟ್, ಮುಕ್ಕಾಲು ಬೀಜ. ಅಲ್ಲಿಂದ ನಿಧಾನ. ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ದಿನಾ ಬೆಳಿಗ್ಗೆ, ಹಿಕ್ಕೆ ಹಾಕಿದ ಮೇಲೆ, ತಿನ್ನುವ ಮೊದಲು ತೂಗಿ. 36 ಗ್ರಾಂನ ಬಡ್ಜಿ 33ಕ್ಕೆ ಇಳಿದರೆ ತಕ್ಷಣ ಹಳೆಯ ಊಟಕ್ಕೆ ಮರಳಿ. ಮೂರು ಗ್ರಾಂ ಏನು ಮಹಾ ಎನ್ನಬೇಡಿ, 60 ಕಿಲೋ ಮನುಷ್ಯ ವಾರದಲ್ಲಿ ಐದು ಕಿಲೋ ಇಳಿದಂತೆ ಅದು.

ಪಂಜರ, ಗಾಳಿ, ಫ್ಯಾನು

ಎತ್ತರಕ್ಕಿಂತ ಅಗಲ ಮುಖ್ಯ, ಗಿಳಿ ಹೆಲಿಕಾಪ್ಟರ್ ಅಲ್ಲ. ಬಡ್ಜಿ ಜೋಡಿಗೆ 75 ಸೆಂ.ಮೀ. ಅಗಲ, 45 ಆಳ, 45 ಎತ್ತರ. ಕಾಕಟೀಲ್ ಜೋಡಿಗೆ 90, 60, 60. ಕೊನ್ಯೂರ್‌ಗೂ ಅಷ್ಟೇ ಅಗಲ ಸಾಕು, ಆದರೆ ಕಂಬಿ ದಪ್ಪವಿರಬೇಕು, ಚಿಲಕಕ್ಕೆ ಬೀಗದ ಕೊಕ್ಕೆ ಬೇಕು. ಮೇಲಕ್ಕೆ ಸರಿಸುವ ಬಾಗಿಲನ್ನು ಅದು ಕೆಲವೇ ದಿನಗಳಲ್ಲಿ ಎತ್ತುತ್ತದೆ. ಬಡ್ಜಿಗೆ ಕಂಬಿಗಳ ನಡುವೆ 12 ಮಿ.ಮೀ. ಮೀರಬಾರದು, ತಲೆ ತೂರಿಸಿ ಸಿಕ್ಕಿಕೊಳ್ಳುತ್ತದೆ. ಪಂಜರದ ಜೊತೆ ಬರುವ ನುಣುಪಾದ ಪ್ಲಾಸ್ಟಿಕ್ ಕಡ್ಡಿ ಎಸೆದು ಸೀಬೆ ಅಥವಾ ಬೇವಿನ ಕೊಂಬೆ ಹಾಕಿ. ಒಂದೇ ದಪ್ಪದ ಮೇಲೆ ವರ್ಷವಿಡೀ ನಿಂತರೆ ಅಂಗಾಲಿನಲ್ಲಿ ಹುಣ್ಣಾಗುತ್ತದೆ. ಬಡ್ಜಿ ಜೋಡಿಗೆ ಅಂಗಡಿಯವರು ಪುಕ್ಕಟೆ ಕೊಡುವ ಮಡಕೆಯನ್ನೂ ಕಟ್ಟಬೇಡಿ. ಮಡಕೆ ಕಂಡರೆ ಮೊಟ್ಟೆ, ಮೊಟ್ಟೆಯ ಮೇಲೆ ಮೊಟ್ಟೆ, ಕೊನೆಗೆ ಮೊಟ್ಟೆ ಸಿಕ್ಕಿಕೊಂಡು ಹೆಣ್ಣು ಸಾಯುತ್ತದೆ. ಹೆಣ್ಣು ಕಾಕಟೀಲ್ ಮಡಕೆ ಇಲ್ಲದೆಯೂ ಮೂಲೆಯಲ್ಲಿ ಇಡುತ್ತಿರುತ್ತದೆ. ದಿನಕ್ಕೆ ಸಿಗುವ ಬೆಳಕನ್ನು ಹತ್ತು ತಾಸಿಗೆ ಇಳಿಸಿ, ಬೆನ್ನು ಸವರುವುದು ಬಿಟ್ಟು ತಲೆ ಮಾತ್ರ ಕೆರೆಯಿರಿ.

ಕಾಕಟೀಲ್‌ಗೇ ಇರುವ ಎರಡು ತೊಂದರೆಗಳಿವೆ. ಒಂದು, ಗರಿಯಿಂದ ಉದುರುವ ಬಿಳಿ ಪುಡಿ. ಮನೆಯಲ್ಲಿ ಆಸ್ತಮಾ ಇದ್ದವರಿದ್ದರೆ ಬಡ್ಜಿಯೇ ವಾಸಿ. ಇನ್ನೊಂದು, ಕತ್ತಲಲ್ಲಿ ಹಲ್ಲಿ ಹರಿದರೂ ಬೆಚ್ಚಿಬಿದ್ದು ಪಂಜರ ತುಂಬಾ ಬಡಿದಾಡುವುದು. ಬೆಳಿಗ್ಗೆ ನೋಡಿದರೆ ರೆಕ್ಕೆಯಲ್ಲಿ ರಕ್ತ. ಮೂಲೆಯಲ್ಲೊಂದು ಮಂದ ದೀಪ ಇಟ್ಟರೆ ಬಹುಪಾಲು ನಿಲ್ಲುತ್ತದೆ. ದೀಪಾವಳಿಯ ಮೂರು ರಾತ್ರಿ ಪಂಜರವನ್ನು ಒಳಕೋಣೆಗೆ ಸಾಗಿಸಿ.

ಹೊಗೆ ಮೂರಕ್ಕೂ ಒಂದೇ. ಗಿಳಿಯ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳಿದ್ದು, ಉಸಿರಿನಿಂದ ಹೀರುವ ಶಕ್ತಿ ನಮಗಿಂತ ಹೆಚ್ಚು, ವಿಷವನ್ನೂ ಹಾಗೇ ಹೀರುತ್ತದೆ. ನಾನ್‌ಸ್ಟಿಕ್ ತವಾ ಒಲೆ ಮೇಲೆ ಖಾಲಿ ಕಾದು ಕುಳಿತರೆ ಅದರ ಆವಿಗೆ ಹಕ್ಕಿ ನಿಮಿಷಗಳಲ್ಲಿ ಉರುಳಬಹುದು. ದೋಸೆಗೆ ಕಬ್ಬಿಣದ ಕಾವಲಿಗೆ ಮರಳಿ. ಸೊಳ್ಳೆ ಬತ್ತಿ, ಊದಿನಕಡ್ಡಿ, ಧೂಪ ಪಂಜರವಿರುವ ಕೋಣೆಯಲ್ಲಿ ಬೇಡ. ಹಕ್ಕಿಯನ್ನು ಹೊರಬಿಡುವ ಮುನ್ನ ಸೀಲಿಂಗ್ ಫ್ಯಾನ್ ಪೂರ್ತಿ ನಿಂತಿದೆಯೇ ನೋಡಿ, ಸ್ವಿಚ್ಚಿಗೆ ಟೇಪ್ ಅಂಟಿಸಿ.

ತರುವ ದಿನ

ಫ್ಲ್ಯಾಟಿಗೆ, ಕೆಲಸಕ್ಕೆ ಹೋಗುವವರಿಗೆ ಬಡ್ಜಿ ಜೋಡಿ. ಮನೆಯಲ್ಲಿ ಒಬ್ಬರಾದರೂ ದಿನಕ್ಕೆ ಎರಡು ಗಂಟೆ ಕೂರುವವರಿದ್ದು, ಹದಿನೈದು ವರ್ಷದ ಜವಾಬ್ದಾರಿ ಒಪ್ಪಿದರೆ ಕಾಕಟೀಲ್. ಕೊನ್ಯೂರ್ ಸುತ್ತ ತೋಟವಿರುವ ಒಂಟಿಮನೆಗೆ. ಅಂಗಡಿಯಲ್ಲಿ ಹಗಲಲ್ಲೂ ಗರಿ ಉಬ್ಬಿಸಿ ಕೂತ ಹಕ್ಕಿಯನ್ನು "ಸಾಧು" ಎಂದು ಮೆಚ್ಚಬೇಡಿ, ಅದು ಕಾಯಿಲೆ. ಗಿಳಿ ರೋಗವನ್ನು ಕೊನೆಯ ಗಳಿಗೆವರೆಗೂ ಮುಚ್ಚಿಡುತ್ತದೆ. ಸುಮ್ಮನೆ ಕೂತಾಗ ಉಸಿರಿನೊಂದಿಗೆ ಬಾಲ ಮೇಲೆ ಕೆಳಗೆ ಆಡುತ್ತಿದೆಯೇ, ಮೂಗಿನ ರಂಧ್ರ ಒದ್ದೆ ಇದೆಯೇ, ಬಾಲದ ಬುಡಕ್ಕೆ ಹಿಕ್ಕೆ ಅಂಟಿದೆಯೇ ನೋಡಿ. ಎದೆಮೂಳೆ ಬೆರಳಿಗೆ ಚಾಕುವಿನ ಅಂಚಿನಂತೆ ಸಿಕ್ಕರೆ ಬೇಡ. ಗಂಡು ಬಡ್ಜಿ ಬೇಕೆಂದರೆ ಕೊಕ್ಕಿನ ಮೇಲಿನ ತೊಗಲು ನೀಲಿ ಇರುವುದನ್ನು ಆರಿಸಿ, ಹೆಣ್ಣಿಗೆ ಅದು ಕಂದು ಅಥವಾ ಬಿಳಿಚು. ಮನೆಯಲ್ಲಿ ಮೊದಲೇ ಹಕ್ಕಿ ಇದ್ದರೆ ಹೊಸದನ್ನು ಮೂವತ್ತು ದಿನ ಬೇರೆ ಕೋಣೆಯಲ್ಲಿಡಿ, ಹಳೆಯದರ ನೀರು ಬದಲಿಸಿದ ಮೇಲೆ ಹೊಸದರದ್ದು ಬದಲಿಸಿ, ಆಮೇಲೆ ಕೈ ತೊಳೆಯಿರಿ. ಮೊದಲ ಮೂರು ದಿನ ಕೈ ಒಡ್ಡಬೇಡಿ. ಪಂಜರದ ಪಕ್ಕ ಕೂತು ನಿಮ್ಮ ಪಾಡಿಗೆ ಪೇಪರ್ ಓದಿ. ನಿಮ್ಮೆದುರೇ ಕಾಳು ಒಡೆದು ತಿಂದ ದಿನ ತರಬೇತಿಯ ಕೋಲು ಕೈಗೆತ್ತಿಕೊಳ್ಳಿ.