ಲಿಬ್‌ಎಂಎನ್‌ಎಲ್: ನೆಟ್‌ಲಿಂಕ್ ಕೆಲಸಕ್ಕೆ ಬೇಕಾದಷ್ಟೇ ಕೊಡುವ ಲೈಬ್ರರಿ

ಸಿ ಪ್ರೋಗ್ರಾಮಿನಿಂದ ಲಿನಕ್ಸ್ ಇಂಟರ್‌ಫೇಸ್‌ಗೆ ಐಪಿ ವಿಳಾಸ ಕೊಡಬೇಕು, ರೂಟ್ ಸೇರಿಸಬೇಕು ಎಂದಾಗ ಇವತ್ತಿಗೂ ಎಷ್ಟೋ ಕಡೆ ಹಿಡಿಯುವುದು ಒಂದೇ ದಾರಿ: 'ಐಪಿ' ಕಮಾಂಡನ್ನು ಶೆಲ್ ಮೂಲಕ ಓಡಿಸಿ, ಅದು ಅಚ್ಚು ಮಾಡಿದ ಸಾಲುಗಳನ್ನು ಒಡೆದು ಓದುವುದು. ಔಟ್‌ಪುಟ್‌ನಲ್ಲಿ ಒಂದು ಪದ ಆಚೀಚೆ ಆದರೂ ಇಂಥ ಪ್ರೋಗ್ರಾಂ ಕೆಡುತ್ತದೆ. ಆ ಕಮಾಂಡ್ ತಾನಾದರೂ ಒಳಗೆ ಮಾಡುವುದಿಷ್ಟೇ: ನೆಟ್‌ಲಿಂಕ್ (ಪ್ರೋಗ್ರಾಂಗಳು ಕರ್ನಲ್ ಜೊತೆ ಸಂದೇಶಗಳಲ್ಲಿ ಮಾತಾಡುವ ದಾರಿ) ಸಾಕೆಟ್ ತೆರೆದು, ಕರ್ನಲ್‌ಗೆ ನಲವತ್ತು-ಐವತ್ತು ಬೈಟಿನ ಸಂದೇಶ ಕಳಿಸಿ, ಉತ್ತರಕ್ಕೆ ಕಾಯುತ್ತದೆ. ಅದೇ ಕೆಲಸವನ್ನು ನೇರವಾಗಿ ಮಾಡಲು ಸಿ ಭಾಷೆಯಲ್ಲಿ ಇರುವ ಲೈಬ್ರರಿಗಳ ಪೈಕಿ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಲಿಬ್‌ಎಂಎನ್‌ಎಲ್. ಒಂದು ಕೊರತೆ ಮಾತ್ರ ದೊಡ್ಡದಿದೆ, ಅದು ದೋಷಸಂದೇಶಗಳದ್ದು. ಅದನ್ನು ತುಂಬಿಕೊಳ್ಳುವ ಬಗೆಯೂ ಮುಂದಿದೆ.

ಲಿನಕ್ಸ್ ಫೈರ್‌ವಾಲ್ ರೂಪಿಸುವ ನೆಟ್‌ಫಿಲ್ಟರ್ ಯೋಜನೆಯ ಪಾಬ್ಲೊ ನೇಯ್ರಾ ಅಯುಸೊ ಬರೆದ ಲೈಬ್ರರಿ ಇದು. ಎಕ್ಸ್86 ಯಂತ್ರದಲ್ಲಿ ಸುಮಾರು 30 ಕಿಲೋಬೈಟ್ ತೂಗುತ್ತದೆ. 1.0.5 ಆವೃತ್ತಿ 2022ರಲ್ಲಿ ಬಂತು. ಎನ್‌ಎಫ್‌ಟೇಬಲ್ಸ್, ಕಾನ್‌ಟ್ರ್ಯಾಕ್ ಪರಿಕರಗಳು, ಐಪಿರೂಟ್2 ಪ್ಯಾಕೇಜಿನ ಡೆವ್‌ಲಿಂಕ್, ನೆಟ್‌ಲಿಂಕ್‌ಗೆ ಬದಲಾದ ಮೇಲಿನ ಈಥ್‌ಟೂಲ್ ಎಲ್ಲವೂ ಇದನ್ನೇ ನೆಚ್ಚಿಕೊಂಡಿವೆ. ಹಾಗಾಗಿ ಬಹುಪಾಲು ಲಿನಕ್ಸ್ ಯಂತ್ರಗಳಲ್ಲಿ ಲೈಬ್ರರಿ ಆಗಲೇ ಇರುತ್ತದೆ. ಹೆಡರ್ ಫೈಲುಗಳಿಗಾಗಿ ಡೆಬಿಯನ್, ಉಬುಂಟುಗಳಲ್ಲಿ ಲಿಬ್‌ಎಂಎನ್‌ಎಲ್-ಡೆವ್, ಫೆಡೋರಾದಲ್ಲಿ ಲಿಬ್‌ಎಂಎನ್‌ಎಲ್-ಡೆವೆಲ್ ಹಾಕಿಕೊಂಡರೆ ಸಾಕು.

ಐಒಸಿಟಿಎಲ್ ಎಂಬ ಸಿಸ್ಟಂ ಕರೆಯ ಹಳೆಯ ದಾರಿಯಲ್ಲೇ ಮುಂದುವರಿದರೆ ಏನು ತಪ್ಪು ಎಂದು ಕೇಳುವವರಿದ್ದಾರೆ. ತಪ್ಪು ಬಹಳ ಇದೆ. ಅಲ್ಲಿ ವಿಳಾಸಕ್ಕೊಂದು ಕರೆ, ನೆಟ್‌ಮಾಸ್ಕ್‌ಗೆ ಇನ್ನೊಂದು ಕರೆ. 10.0.0.5 ಎಂದು ವಿಳಾಸ ಕೊಟ್ಟ ಕ್ಷಣ ಕರ್ನಲ್ ಹಳೆಯ ಕ್ಲಾಸ್ ಲೆಕ್ಕದಲ್ಲಿ ಅದನ್ನು /8 ಎಂದು ಹಿಡಿಯುತ್ತದೆ. ಇಂಟರ್‌ಫೇಸ್ ಆಗಲೇ ಏರಿದ್ದರೆ, ಮಾಸ್ಕ್ ಕೊಡುವವರೆಗೆ ಇಡೀ 10.0.0.0/8 ಆ ಕಡೆಗೇ ಹೋಗುತ್ತದೆ. ಓಡುತ್ತಿರುವ ರೂಟರ್‌ನಲ್ಲಿ ಆ ಒಂದು ಕ್ಷಣ ಸಾಕು, ಸಂಪರ್ಕಗಳು ಕೆಡಲು. ಇಂಟರ್‌ಫೇಸ್‌ಗಳ ಪಟ್ಟಿ ಕೇಳುವ ಹಳೆಯ ಕರೆ ಐಪಿವಿ4 ವಿಳಾಸಗಳನ್ನು ಮಾತ್ರ ಕೊಡುತ್ತದೆ. ನೆಟ್‌ಲಿಂಕ್‌ನಲ್ಲಿ ವಿಳಾಸ, ಪ್ರಿಫಿಕ್ಸ್, ಬ್ರಾಡ್‌ಕಾಸ್ಟ್ ಎಲ್ಲ ಒಂದೇ ಸಂದೇಶದಲ್ಲಿ ಹೋಗುತ್ತವೆ. ಕೆಲಸ ಆಯಿತೆಂದರೆ ಪೂರ್ತಿ ಆಗುತ್ತದೆ, ಇಲ್ಲದಿದ್ದರೆ ಏನೂ ಆಗುವುದಿಲ್ಲ.

ಆ ಸಂದೇಶವನ್ನು ಬೈಟ್ ಬೈಟಾಗಿ ಬಿಡಿಸಿ ನೋಡಿದರೆ ಲೈಬ್ರರಿಯ ಕೆಲಸ ಏನೆಂಬುದು ಸ್ಪಷ್ಟವಾಗುತ್ತದೆ. 3ನೇ ಇಂಡೆಕ್ಸಿನ ಇಂಟರ್‌ಫೇಸ್‌ಗೆ 10.0.0.5/24 ಕೊಡಬೇಕು ಎನ್ನೋಣ. ಸಂದೇಶ ಒಟ್ಟು 40 ಬೈಟ್. ಎಕ್ಸ್86ನಲ್ಲಿ ಮೊದಲ ಎಂಟು ಬೈಟ್ ಹೆಕ್ಸ್‌ನಲ್ಲಿ ಹೀಗಿರುತ್ತವೆ:

28 00 00 00 14 00 05 06

28 ಅಂದರೆ 40, ಒಟ್ಟು ಉದ್ದ. 14 ಅಂದರೆ 20, 'ಹೊಸ ವಿಳಾಸ' ಎಂಬ ಸಂದೇಶದ ಸಂಖ್ಯೆ. ಕೊನೆಯ 05 06 ಅನ್ನು ಹಿಂದುಮುಂದಾಗಿ ಓದಿದರೆ 0605, ಅದು ನಾಲ್ಕು ಫ್ಲ್ಯಾಗ್‌ಗಳ ಹೆಕ್ಸ್ ಮೊತ್ತ: ಕೋರಿಕೆಗೆ 1, ಉತ್ತರ ಬೇಕು ಎನ್ನಲು 4, ಆಗಲೇ ಇದ್ದರೆ ಬೇಡ ಎನ್ನಲು 200, ಇಲ್ಲದಿದ್ದರೆ ಸೃಷ್ಟಿಸು ಎನ್ನಲು 400. ಆಮೇಲೆ ನಾಲ್ಕು ಬೈಟ್ ಕ್ರಮಸಂಖ್ಯೆ, ನಾಲ್ಕು ಬೈಟ್ ಪೋರ್ಟ್ ಐಡಿ. ಅಲ್ಲಿಗೆ 16 ಬೈಟಿನ ಹೆಡರ್ ಮುಗಿಯಿತು. ಮುಂದಿನದು ವಿಳಾಸದ ಹೆಡರ್:

02 18 00 00 03 00 00 00

02 ಐಪಿವಿ4ನ ಗುರುತು, 18 ಅಂದರೆ ಪ್ರಿಫಿಕ್ಸ್ 24, ಫ್ಲ್ಯಾಗ್ ಮತ್ತು ಸ್ಕೋಪ್ ಸೊನ್ನೆ, ಕೊನೆಯ ನಾಲ್ಕು ಬೈಟ್ ಇಂಟರ್‌ಫೇಸ್ ಇಂಡೆಕ್ಸ್. ಉಳಿದ 16 ಬೈಟಿನಲ್ಲಿ ತಲಾ ಎಂಟು ಬೈಟಿನ ಎರಡು ಅಟ್ರಿಬ್ಯೂಟ್, ಅಂದರೆ ಉದ್ದ, ಸಂಖ್ಯೆ, ಮೌಲ್ಯ ಇರುವ ತುಣುಕು: 08 00 02 00 ಎಂಬುದರ ನಂತರ ಲೋಕಲ್ ವಿಳಾಸ, 08 00 01 00 ಎಂಬುದರ ನಂತರ 'ಅಡ್ರೆಸ್' ಆಗಿ ಮತ್ತೆ ಅದೇ ವಿಳಾಸ.

ಇಲ್ಲಿ ಎರಡು ಬಗೆಯ ಬೈಟ್ ಕ್ರಮ ಒಂದೇ ಸಂದೇಶದಲ್ಲಿ ಕೂತಿದೆ. ಉದ್ದ, ಇಂಡೆಕ್ಸ್, ಅಟ್ರಿಬ್ಯೂಟ್ ಸಂಖ್ಯೆಗಳೆಲ್ಲ ಯಂತ್ರದ ಕ್ರಮದಲ್ಲಿ. ಐಪಿ ವಿಳಾಸ ಮಾತ್ರ ನೆಟ್‌ವರ್ಕ್ ಕ್ರಮದಲ್ಲಿ. ವಿಳಾಸದ ಪಠ್ಯವನ್ನು ಬೈಟುಗಳಾಗಿಸುವ ಐನೆಟ್_ಪಿಟನ್ ಕೊಟ್ಟ ನಾಲ್ಕು ಬೈಟನ್ನು ಹಾಗೇ ಹಾಕಬೇಕು, ಇನ್ನೊಮ್ಮೆ ತಿರುಗಿಸಬಾರದು. ತಿರುಗಿಸಿದರೆ 10.0.0.5 ಇದ್ದದ್ದು 5.0.0.10 ಆಗಿ ಕೂರುತ್ತದೆ, ಕರ್ನಲ್ ತಕರಾರು ಮಾಡುವುದಿಲ್ಲ.

ಈ 40 ಬೈಟನ್ನು ಕೈಯಾರೆ ಜೋಡಿಸಬಹುದು, ಆದರೆ ಪ್ರತಿ ಅಟ್ರಿಬ್ಯೂಟ್ ನಾಲ್ಕು ಬೈಟಿನ ಗಡಿಗೆ ಬರಬೇಕು, ಒಟ್ಟು ಉದ್ದ ಜೊತೆಜೊತೆಗೇ ಬೆಳೆಯಬೇಕು. ಲಿಬ್‌ಎಂಎನ್‌ಎಲ್ ಹೊತ್ತುಕೊಳ್ಳುವುದು ಈ ಲೆಕ್ಕವನ್ನು. ಅದಕ್ಕಿಂತ ಹೆಚ್ಚಿಗೆ ಏನೂ ಇಲ್ಲ. ಅದರ ಎಲ್ಲ ಫಂಕ್ಷನ್‌ಗಳೂ 'ಎಂಎನ್‌ಎಲ್' ಎಂದೇ ಶುರುವಾಗುವುದರಿಂದ ಇಲ್ಲಿ ಆ ಭಾಗ ಬಿಟ್ಟಿದೆ. ಸಾಕೆಟ್_ಓಪನ್‌ನಿಂದ ರೂಟ್ ಬಗೆಯ ಸಾಕೆಟ್ ತೆರೆಯಿರಿ. ಸಾಕೆಟ್_ಬೈಂಡ್‌ಗೆ ಆಟೋಪಿಡ್ ಕೊಡಿ, ಪೋರ್ಟ್ ಐಡಿಯನ್ನು ಕರ್ನಲ್ಲೇ ಆರಿಸುತ್ತದೆ. ಪ್ರೊಸೆಸ್ ಐಡಿಯನ್ನು ನೀವೇ ತುಂಬಲು ಹೋದರೆ ಅದೇ ಪ್ರೊಸೆಸ್ಸಿನ ಎರಡನೇ ಸಾಕೆಟ್ ಬೈಂಡ್ ಆಗುವುದಿಲ್ಲ. ಎನ್‌ಎಲ್‌ಎಂಎಸ್‌ಜಿ_ಪುಟ್_ಹೆಡರ್, ಅದರ ಮೇಲೆ ಎನ್‌ಎಲ್‌ಎಂಎಸ್‌ಜಿ_ಪುಟ್_ಎಕ್ಸ್‌ಟ್ರಾ_ಹೆಡರ್, ಆಮೇಲೆ ಆಟ್ರ್_ಪುಟ್_ಯು32 ಎರಡು ಸಲ. ಸಾಕೆಟ್_ಸೆಂಡ್‌ಟು, ಸಾಕೆಟ್_ರೆಸಿವ್‌ಫ್ರಂ, ಕೊನೆಗೆ ಬಂದ ಉತ್ತರವನ್ನು ಬಿಡಿಸುವ ಸಿಬಿ_ರನ್. ಎರಡೂ ಹೆಡರ್ ಫಂಕ್ಷನ್‌ಗಳು ತಾವು ಹಿಡಿದ ಜಾಗವನ್ನು ಸೊನ್ನೆ ಮಾಡಿಯೇ ಕೊಡುತ್ತವೆ. ಆದರೆ ಆಟ್ರ್_ಪುಟ್ ಗುಂಪಿನ ಮಾಮೂಲಿ ಫಂಕ್ಷನ್‌ಗಳು ಬಫರ್‌ನಲ್ಲಿ ಜಾಗ ಉಳಿದಿದೆಯೇ ಎಂದು ನೋಡುವುದಿಲ್ಲ. ಎಷ್ಟು ಅಟ್ರಿಬ್ಯೂಟ್ ಸೇರುತ್ತದೆ ಎಂದು ಮೊದಲೇ ಗೊತ್ತಿಲ್ಲದಿದ್ದರೆ, ಹೆಸರಿನ ಕೊನೆಯಲ್ಲಿ 'ಚೆಕ್' ಇರುವ ಜೋಡಿಯನ್ನೇ ಬಳಸಬೇಕು.

ಲೈಬ್ರರಿ ನಿಮ್ಮ ಪರವಾಗಿ ಊಹೆ ಮಾಡುವುದಿಲ್ಲ. ಅದು ಗುಣವೂ ಹೌದು, ಎಡವುವ ಜಾಗವೂ ಹೌದು. ಐಪಿವಿ4 ವಿಳಾಸಕ್ಕೆ ಲೋಕಲ್ ಅಟ್ರಿಬ್ಯೂಟ್ ಕಡ್ಡಾಯ. ಅದನ್ನು ಬಿಟ್ಟು ಅಡ್ರೆಸ್ ಮಾತ್ರ ಕಳಿಸಿದರೆ ಕರ್ನಲ್ 'ಐನ್‌ವಾಲ್' (ಕೊಟ್ಟದ್ದು ಸರಿಯಿಲ್ಲ) ಎಂದು ತಿರಸ್ಕರಿಸುತ್ತದೆ. ಐಪಿವಿ6ನಲ್ಲಿ ಅಡ್ರೆಸ್ ಒಂದೇ ಇದ್ದರೂ ನಡೆಯುತ್ತದೆ, ಆದ್ದರಿಂದ ಅಲ್ಲಿಂದ ನಕಲು ಮಾಡಿದ ಕೋಡ್ ಇಲ್ಲಿ ಕೈಕೊಡುತ್ತದೆ. ಬ್ರಾಡ್‌ಕಾಸ್ಟ್ ವಿಳಾಸವನ್ನು ಐಒಸಿಟಿಎಲ್ ತಾನಾಗಿ ತುಂಬುತ್ತಿತ್ತು, ನೆಟ್‌ಲಿಂಕ್ ತುಂಬುವುದಿಲ್ಲ. ಬೇಕಿದ್ದರೆ 4ನೇ ಸಂಖ್ಯೆಯ ಅಟ್ರಿಬ್ಯೂಟ್ ಸೇರಿಸಬೇಕು. ಆಗ ಸಂದೇಶ 48 ಬೈಟ್, ಮೊದಲ ಬೈಟ್ 28ರ ಬದಲು 30.

ಇಂಟರ್‌ಫೇಸ್ ಏರಿಸುವಾಗ ಇನ್ನೂ ಕೆಟ್ಟ ಬಲೆಯೊಂದಿದೆ. ಆ ಹೆಡರ್‌ನಲ್ಲಿ ಫ್ಲ್ಯಾಗ್‌ಗಳಿಗೆ ಒಂದು ಜಾಗ, ಯಾವ ಫ್ಲ್ಯಾಗ್ ಬದಲಿಸಬೇಕು ಎಂದು ಹೇಳುವ 'ಚೇಂಜ್' ಮಾಸ್ಕ್‌ಗೆ ಇನ್ನೊಂದು ಜಾಗ. ಮೊದಲನೆಯದರಲ್ಲಿ 'ಅಪ್' ಹಾಕಿ ಎರಡನೆಯದನ್ನು ಸೊನ್ನೆ ಬಿಟ್ಟರೆ, ಹಳೆಯ ಪ್ರೋಗ್ರಾಂಗಳು ಮುರಿಯಬಾರದೆಂದು ಕರ್ನಲ್ ಅದನ್ನು 'ಎಲ್ಲ ಫ್ಲ್ಯಾಗ್‌ಗಳನ್ನೂ ಬದಲಿಸು' ಎಂದೇ ಓದುತ್ತದೆ. ಇಂಟರ್‌ಫೇಸ್ ಏರುತ್ತದೆ, ಉತ್ತರವೂ ಸರಿಯಾಗಿ ಬರುತ್ತದೆ, ಆದರೆ ಮಲ್ಟಿಕಾಸ್ಟ್ ಫ್ಲ್ಯಾಗ್ ಸದ್ದಿಲ್ಲದೆ ಅಳಿಸಿಹೋಗಿರುತ್ತದೆ. ಎರಡೂ ಜಾಗದಲ್ಲಿ 'ಅಪ್' ಹಾಕುವುದೇ ಸರಿ.

ಈಗ ಆ ದೊಡ್ಡ ಕೊರತೆ. ಕರ್ನಲ್ ತಿರಸ್ಕರಿಸಿದಾಗ ಸಿಬಿ_ರನ್ ಮಾಡುವುದು ಎರ್ನೋ (ದೋಷಸಂಖ್ಯೆ ಇಡುವ ಸಿ ಭಾಷೆಯ ವೇರಿಯಬಲ್) ಹೊಂದಿಸಿ ಮೈನಸ್ 1 ಹಿಂದಿರುಗಿಸುವುದು ಮಾತ್ರ. ಹತ್ತು ಬೇರೆ ಬೇರೆ ತಪ್ಪಿಗೆ ಒಂದೇ 'ಐನ್‌ವಾಲ್' ಬಂದರೆ ಪ್ರೋಗ್ರಾಮರ್ ಏನು ಮಾಡಬೇಕು? 2017ರ 4.12 ಕರ್ನಲ್‌ನಿಂದ ಇದಕ್ಕೆ ಪರಿಹಾರವಿದೆ: ಸಾಕೆಟ್‌ಗೆ ಎಕ್ಸ್ಟ್_ಆ್ಯಕ್ ಆಯ್ಕೆ ಹಾಕಿದರೆ, ದೋಷದ ಉತ್ತರದ ಬಾಲಕ್ಕೆ ಕರ್ನಲ್ ಒಂದು ವಾಕ್ಯವನ್ನೂ, ಎಷ್ಟನೇ ಬೈಟಿನ ಅಟ್ರಿಬ್ಯೂಟ್ ತಪ್ಪು ಎಂಬುದನ್ನೂ ಸೇರಿಸಬಲ್ಲದು. ನೇರ ತಲುಪಲಾಗದ ಗೇಟ್‌ವೇ ಕೊಟ್ಟು ರೂಟ್ ಸೇರಿಸಿದರೆ ಎರ್ನೋ ಹೇಳುವುದು 'ನೆಟ್‌ವರ್ಕ್ ತಲುಪಲಾಗದು' ಎಂದಷ್ಟೇ. ಬಾಲದ ವಾಕ್ಯ ಗೇಟ್‌ವೇಯೇ ಸರಿಯಿಲ್ಲ ಎಂದು ಬೊಟ್ಟು ಮಾಡುತ್ತದೆ. ಗಂಟೆಗಟ್ಟಲೆ ಹುಡುಕಾಟ ಉಳಿಸುವ ಈ ವಾಕ್ಯವನ್ನು ಲಿಬ್‌ಎಂಎನ್‌ಎಲ್ ತಾನಾಗಿ ಓದಿಕೊಡುವುದಿಲ್ಲ. ಕೊಡಬೇಕಿತ್ತು.

ನಾವೇ ಓದಿಕೊಳ್ಳಲು ಸಿಬಿ_ರನ್2 ಬಳಸಿ, 2ನೇ ಬಗೆಯ ಸಂದೇಶಕ್ಕೆ, ಅಂದರೆ ದೋಷದ ಉತ್ತರಕ್ಕೆ, ನಮ್ಮದೇ ಕಾಲ್‌ಬ್ಯಾಕ್ ಕೊಡಬೇಕು. ಹೆಡರ್ ಬಿಟ್ಟು ಮೊದಲ 4 ಬೈಟ್ ದೋಷಸಂಖ್ಯೆ, ಋಣ ಸಂಖ್ಯೆಯಾಗಿ. ಸೊನ್ನೆ ಇದ್ದರೆ ಕೆಲಸ ಆಗಿದೆ ಎಂದರ್ಥ. ಆಮೇಲೆ ನಾವು ಕಳಿಸಿದ ಸಂದೇಶದ 16 ಬೈಟ್ ಹೆಡರ್. 'ಕ್ಯಾಪ್ಡ್' ಫ್ಲ್ಯಾಗ್ ಇದ್ದರೆ ಅಲ್ಲಿಂದಲೇ ಬಾಲ ಶುರು. ಇಲ್ಲದಿದ್ದರೆ ಮೂಲ ಸಂದೇಶದ ಉಳಿದ ಭಾಗವೂ ಅಲ್ಲಿರುತ್ತದೆ, ಮೇಲಿನ ಉದಾಹರಣೆಯಲ್ಲಿ 24 ಬೈಟ್; ಅದನ್ನು ದಾಟಬೇಕು. ಈ ಫ್ಲ್ಯಾಗ್ ನೋಡದೆ ಬರೆದ ಕೋಡ್ ಯಶಸ್ಸಿನ ಉತ್ತರದಲ್ಲಿ ಒಂದು ತರಹ, ದೋಷದ ಉತ್ತರದಲ್ಲಿ ಇನ್ನೊಂದು ತರಹ ನಡೆದುಕೊಳ್ಳುತ್ತದೆ. ಬಾಲದಲ್ಲಿ 1ನೇ ಸಂಖ್ಯೆಯದು ವಾಕ್ಯ, 2ನೆಯದು ತಪ್ಪಿದ ಬೈಟಿನ ದೂರ. ಒಟ್ಟು ನಲವತ್ತು ಸಾಲಿನೊಳಗೆ ಮುಗಿಯುವ ಕೆಲಸ; ಬೇರೆ ಏನನ್ನೂ ಬರೆಯುವ ಮೊದಲು ಇದನ್ನು ಬರೆದಿಟ್ಟುಕೊಳ್ಳಿ.

ಇರುವುದನ್ನೆಲ್ಲ ಓದುವ ಡಂಪ್ ಕೋರಿಕೆಯಲ್ಲಿ ಲೈಬ್ರರಿ ಚೆನ್ನಾಗಿ ಜೊತೆ ಕೊಡುತ್ತದೆ. ಬಫರ್ ಸಾಲದೆ ಸಂದೇಶ ತುಂಡಾದರೆ ಸುಮ್ಮನಿರದೆ 'ಎನೋಸ್ಪೇಸ್' (ಜಾಗ ಸಾಲದು) ಎನ್ನುತ್ತದೆ, 1.0.5ರಲ್ಲಿ ಬಂದ 32 ಕಿಲೋಬೈಟಿನ ಡಂಪ್ ಅಳತೆ ಬಳಸಿದರೆ ಆ ಗೊಡವೆ ಬಹುತೇಕ ಇಲ್ಲ. ಓದುತ್ತಿರುವಾಗಲೇ ಪಟ್ಟಿ ಬದಲಾಗಿದ್ದರೆ ಸಿಬಿ_ರನ್ 'ಈಇಂಟರ್' ಕೊಡುತ್ತದೆ. ಇದನ್ನು ಸಿಗ್ನಲ್ ಬಂತೆಂದು ತಿಳಿದು ಮುಂದೆ ಓದಬೇಡಿ. ಕೈಗೆ ಬಂದ ಪಟ್ಟಿ ಅರೆಬರೆಯದು, ಬಿಟ್ಟು ಮೊದಲಿಂದ ಕೇಳಬೇಕು. ಒಂದೇ ಇಂಟರ್‌ಫೇಸಿನ ವಿಳಾಸ ಬೇಕೆಂದು ಇಂಡೆಕ್ಸ್ ತುಂಬಿ ಕೇಳಿದರೂ ಎಲ್ಲದರ ವಿಳಾಸ ಬರುತ್ತಿದೆಯೇ? ಹೆಡರ್‌ನಲ್ಲಿ ತುಂಬಿದ್ದನ್ನು ಕರ್ನಲ್ ಗಣಿಸಬೇಕಾದರೆ ಸ್ಟ್ರಿಕ್ಟ್ ಚೆಕ್ ಆಯ್ಕೆ ಹಾಕಿರಬೇಕು, 4.20 ಅಥವಾ ಅದಕ್ಕಿಂತ ಹೊಸ ಕರ್ನಲ್ ಇರಬೇಕು. ಇನ್ನೊಂದು, ಹೊಸ ಕರ್ನಲ್‌ಗಳು ನಿಮ್ಮ ಹೆಡರ್ ಫೈಲಿಗೆ ಗೊತ್ತಿಲ್ಲದ ಅಟ್ರಿಬ್ಯೂಟ್ ಕಳಿಸುತ್ತವೆ. ಆಟ್ರ್_ಟೈಪ್_ವ್ಯಾಲಿಡ್ ಸೋತಾಗ ದೋಷ ಎಂದು ನಿಲ್ಲದೆ, ಆ ಒಂದನ್ನು ಬಿಟ್ಟು ಮುಂದಕ್ಕೆ ಹೋಗಬೇಕು. ಇಲ್ಲದಿದ್ದರೆ ಕರ್ನಲ್ ಅಪ್‌ಗ್ರೇಡ್ ಆದ ದಿನ ನಿಮ್ಮ ಪ್ರೋಗ್ರಾಂ ನಿಲ್ಲುತ್ತದೆ.

ಬದಲಾವಣೆಗಳ ಮೇಲೆ ಕಣ್ಣಿಡುವ ಪ್ರೋಗ್ರಾಮಿಗೆ ಎರಡು ಸಾಕೆಟ್ ಬೇಕು, ಒಂದು ಕೋರಿಕೆಗೆ, ಒಂದು ಸುದ್ದಿಗೆ. ಮೊದಲು ಸುದ್ದಿಯ ಗುಂಪಿಗೆ ಸೇರಿ, ಆಮೇಲೆ ಡಂಪ್ ಕೇಳಿ. ಉಲ್ಟಾ ಮಾಡಿದರೆ ನಡುವೆ ಆದ ಬದಲಾವಣೆ ಕೈತಪ್ಪುತ್ತದೆ. ಸುದ್ದಿಯ ಸಾಕೆಟ್‌ನಲ್ಲಿ ಸಿಬಿ_ರನ್‌ಗೆ ಕ್ರಮಸಂಖ್ಯೆ, ಪೋರ್ಟ್ ಐಡಿ ಎರಡೂ ಸೊನ್ನೆ ಕೊಡಬೇಕು, ಏಕೆಂದರೆ ಬೇರೊಂದು ಪ್ರೊಸೆಸ್ ಮಾಡಿದ ಬದಲಾವಣೆಯ ಸುದ್ದಿ ಅದರದೇ ಸಂಖ್ಯೆಗಳನ್ನು ಹೊತ್ತು ಬರುತ್ತದೆ. ಸಾವಿರಾರು ರೂಟ್ ಒಮ್ಮೆಲೇ ಬದಲಾದಾಗ 'ಎನೋಬಫ್ಸ್' ಬರುತ್ತದೆ. ಅಂದರೆ ಕೆಲವು ಸುದ್ದಿ ಕಳೆದುಹೋಗಿವೆ. ಯಾವುವು ಎಂದು ತಿಳಿಯುವ ದಾರಿಯಿಲ್ಲ, ಇಡೀ ಪಟ್ಟಿಯನ್ನು ಮತ್ತೆ ತರಿಸಿಕೊಳ್ಳಬೇಕು. ರಿಸೀವ್ ಬಫರ್ ಹಿಗ್ಗಿಸಿದರೆ ಇದು ಅಪರೂಪವಾಗುತ್ತದೆ, ಇಲ್ಲವಾಗುವುದಿಲ್ಲ.

ಪರೀಕ್ಷೆ ಮಾಡಲು ಯಂತ್ರದ ಮೇಲ್ವಿಚಾರಕರ (ರೂಟ್ ಬಳಕೆದಾರರ) ಹಕ್ಕು ಬೇಕಿಲ್ಲ. 'ಅನ್‌ಶೇರ್' ಕಮಾಂಡಿಗೆ ಆರ್, ಎನ್ ಎಂಬ ಎರಡು ಆಯ್ಕೆ ಕೊಟ್ಟರೆ ಬೇರೆಯದೇ ನೆಟ್‌ವರ್ಕ್ ನೇಮ್‌ಸ್ಪೇಸ್ ಸಿಗುತ್ತದೆ, ಅದರೊಳಗೆ ವಿಳಾಸ ಹಾಕುವ ಅಧಿಕಾರವೂ ಸಿಗುತ್ತದೆ, ಉಬುಂಟು 24.04ರಲ್ಲಿ ಆಪ್‌ಆರ್ಮರ್ ಎಂಬ ಭದ್ರತಾ ವ್ಯವಸ್ಥೆ ಇದಕ್ಕೆ ಅಡ್ಡ ಬರುತ್ತದೆ ಎಂಬುದು ನೆನಪಿರಲಿ. ಪ್ರೋಗ್ರಾಮಿನ ಸಿಸ್ಟಂ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ನೆಟ್‌ಲಿಂಕ್ ಸಂದೇಶಗಳನ್ನು ಬಿಡಿಸಿ ತೋರಿಸುತ್ತದೆ. ಕೆಲಸ ಮಾಡುವ 'ಐಪಿ' ಕಮಾಂಡನ್ನೂ ನಿಮ್ಮ ಪ್ರೋಗ್ರಾಮನ್ನೂ ಅದರಡಿ ಓಡಿಸಿ ಪಕ್ಕಪಕ್ಕ ಇಟ್ಟು ನೋಡಿದರೆ ಬಿಟ್ಟುಹೋದ ಅಟ್ರಿಬ್ಯೂಟ್ ತಕ್ಷಣ ಕಣ್ಣಿಗೆ ಬೀಳುತ್ತದೆ.

ಎಲ್ಲರಿಗೂ ಇದೇ ಬೇಕೆಂದೇನಿಲ್ಲ. ರೂಟ್, ಲಿಂಕ್‌ಗಳ ಪಟ್ಟಿಯನ್ನು ನೆನಪಿನಲ್ಲಿಟ್ಟು ನವೀಕರಿಸಿಕೊಡುವ ಲೈಬ್ರರಿ ಬೇಕಾದರೆ ಲಿಬ್‌ಎನ್‌ಎಲ್ ಇದೆ, ಗಾತ್ರದಲ್ಲಿ ದೊಡ್ಡದು. ಪೈಥಾನ್‌ನಲ್ಲಿ ಬರೆಯುವವರಿಗೆ ಪೈರೂಟ್2 ಸಾಕು. 6.3 ಕರ್ನಲ್‌ನಿಂದ ಯಾಮಲ್ ವಿವರಣೆಗಳಿಂದಲೇ ಕೋಡ್ ಹುಟ್ಟಿಸುವ ವೈಎನ್‌ಎಲ್ ಕರ್ನಲ್ ಮೂಲದಲ್ಲೇ ಬಂದಿದೆ, ಹೊಸ ಯೋಜನೆಗೆ ಅದನ್ನೂ ತೂಗಿ ನೋಡಬೇಕು. ರೂಟರ್ ಫರ್ಮ್‌ವೇರ್, ಕಂಟೇನರ್ ಏರಿಸುವ ಚಿಕ್ಕ ಪ್ರೋಗ್ರಾಂ, ಡಿಎಚ್‌ಸಿಪಿ ಕ್ಲೈಂಟ್ ಇಂಥವುಗಳಿಗೆ ಲಿಬ್‌ಎಂಎನ್‌ಎಲ್ ಹೇಳಿಮಾಡಿಸಿದಂತಿದೆ. ಲೈಸೆನ್ಸ್ ಎಲ್‌ಜಿಪಿಎಲ್ 2.1 ಅಥವಾ ನಂತರದ್ದು. ಮೂಲ ಕೋಡ್ ಹೊರಗೆ ಕೊಡದ ಫರ್ಮ್‌ವೇರ್‌ಗೆ ಸೇರಿಸುವಾಗ ಸ್ಟ್ಯಾಟಿಕ್ ಲಿಂಕ್ ಮಾಡದೆ, ಹಂಚಿಕೆಯ ಲೈಬ್ರರಿಯಾಗಿಯೇ ಇಟ್ಟುಕೊಂಡರೆ ನಿಬಂಧನೆ ಪಾಲಿಸುವುದು ಸುಲಭ.